ಸಾಸಿವೆ ಗೊಜ್ಜಿನ ಬಣ್ಣದ ಬಗ್ಗಿ

ಆ ಭಾನುವಾರ ನೆವಿಲ್ ಟ್ರೆಲೋರ್ ಮಾಡಬೇಕಾಗಿದ್ದ ಕೆಲಸ ಒಂದೇ. ಸಂಜೆ ನಾಲ್ಕು ಗಂಟೆಯವರೆಗೆ ಬಾಯಿ ಮುಚ್ಚಿಕೊಂಡಿರುವುದು. ಹನ್ನೊಂದು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದವನಿಗೆ ಇದೇನು ಕಷ್ಟವಲ್ಲವೆಂದು ಎಲ್ಲರೂ ನಂಬಿದ್ದರು. ಅವನೂ ನಂಬಿದ್ದ.

ವಾರದ ದಿನಗಳಲ್ಲಿ ನೆವಿಲ್ ಕಡೀನಾ ಊರಿನ ಸೈಲೋಗಳಲ್ಲಿ, ಅಂದರೆ ಗೋಧಿ ತುಂಬಿಡುವ ಎತ್ತರದ ಕಣಜಗಳಲ್ಲಿ, ಲಾರಿಗಳ ತೂಕ ಹಾಕುತ್ತಿದ್ದ. ಭಾನುವಾರಗಳಂದು ಅದೇ ಸೈಲೋಗಳ ನೆರಳಿನಲ್ಲಿ ರಿಮೋಟ್ ಬಗ್ಗಿ ಕ್ಲಬ್ಬಿನ ಸದಸ್ಯನಾಗಿರುತ್ತಿದ್ದ. ಕೆಮ್ಮಣ್ಣಿನ ಗುಡ್ಡ, ತಗ್ಗು, ತಿರುವುಗಳ ಮೇಲೆ ಮೊಲದ ಗಾತ್ರದ ಆಟದ ಕಾರುಗಳು, ಅಂದರೆ ಬಗ್ಗಿಗಳು, ಹಾರಿ ಓಡುತ್ತಿದ್ದವು. ಮರದ ಅಟ್ಟದ ಮೇಲೆ ಸಾಲಾಗಿ ನಿಂತ ದೊಡ್ಡ ಗಂಡಸರು, ನಾಲ್ಕಾರು ಹೆಂಗಸರು, ರಿಮೋಟು ಹಿಡಿದು ಉಸಿರು ಬಿಗಿಹಿಡಿಯುತ್ತಿದ್ದರು. ಯಾರದಾದರೂ ಬಗ್ಗಿ ಮಗುಚಿ ಬಿದ್ದರೆ ಓಡಿಹೋಗಿ ಎತ್ತಿ ನಿಲ್ಲಿಸುವ ಕೆಲಸ ಸರದಿಯ ಮೇಲೆ ಎಲ್ಲರದೂ ಎಂದು ಕ್ಲಬ್ಬಿನ ನಿಯಮವಿತ್ತು. ಹನ್ನೊಂದು ವರ್ಷದಿಂದ ಸರದಿ ನೆವಿಲ್‌ನದೇ ಆಗಿತ್ತು. ಬಗ್ಗಿ ಬಗ್ಗಿ ಬಗ್ಗಿಗಳನ್ನೆತ್ತಿ ಅವನ ಸೊಂಟ ಪ್ರಶ್ನಾರ್ಥಕ ಚಿಹ್ನೆಯಂತಾಗಿತ್ತು. ಅವನ ಅಭಿಪ್ರಾಯವನ್ನು ಮಾತ್ರ ಯಾರೂ ಒಮ್ಮೆಯೂ ಕೇಳಿರಲಿಲ್ಲ.

ಎಂಟು ತಿಂಗಳ ಹಿಂದೆ ಜಪಾನಿನ ಕಂಪನಿಯೊಂದು ತನ್ನ ಹೊಸ ಬಗ್ಗಿಯ ಚಿತ್ರ ಬಿಡುಗಡೆ ಮಾಡಿತ್ತು. ಚಿತ್ರವೆಂದರೆ ಕಪ್ಪು ಹಿನ್ನೆಲೆಯಲ್ಲಿ ಇನ್ನಷ್ಟು ಕಪ್ಪಾದ ಒಂದು ಆಕಾರ, ಕೆಳಗೆ 'ಬರುತ್ತಿದೆ' ಎಂಬ ಒಂದೇ ಪದ. ಕ್ಲಬ್ಬಿಗೆ ಅಷ್ಟು ಸಾಕಾಯಿತು. ಹಿಂಬದಿಯ ಉಬ್ಬು ಮೋಟಾರೇ ಎಂದು ಪ್ಲಂಬರ್ ಡೇರಿಲ್ ಹೇಳಿದ. ಅದು ಛಾಯಾಗ್ರಾಹಕನ ಹೆಬ್ಬೆರಳು ಎಂದು ಇನ್ನೊಬ್ಬ ಹೇಳಿದ. ಇಬ್ಬರೂ ಮೂರು ವಾರ ಮಾತು ಬಿಟ್ಟರು. ನಿವೃತ್ತ ಸರ್ವೇಯರ್ ಮರ್ವಿನ್ ಪಾಸ್ಕೋ ಅಡಿಪಟ್ಟಿ, ಕೋನಮಾಪಕ ಹಿಡಿದು ಆ ಕತ್ತಲೆಯನ್ನು ಅಳೆದು ಹದಿನೇಳು ಪುಟದ ವರದಿ ಬರೆದ. ಒಂದು ಕಾಲದಲ್ಲಿ ಅರ್ಧ ಜಿಲ್ಲೆಯ ಬೇಲಿಗಳನ್ನು ತಪ್ಪು ಜಾಗದಲ್ಲಿ ಹಾಕಿಸಿದವನು ಅವನೇ ಆದ್ದರಿಂದ ಅವನ ಅಳತೆಗೆ ಊರಿನಲ್ಲಿ ತುಂಬಾ ಗೌರವವಿತ್ತು.

ಕೊನೆಗೂ ಆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅಡಿಲೇಡಿನ ವಿತರಕರ ಕಡೆಯ ಕ್ವೆಂಟಿನ್ ಎಂಬಾತ ಮೊಹರು ಹಾಕಿದ ಪೆಟ್ಟಿಗೆಯೊಂದನ್ನು ತಂದು ಕ್ಲಬ್ಬಿನ ಶೆಡ್ಡಿನ ಮೇಜಿನ ಮೇಲಿಟ್ಟ. ಹದಿನೈದು ದೇಶಗಳಲ್ಲಿ ಏಕಕಾಲಕ್ಕೆ, ಇಲ್ಲಿ ಸಂಜೆ ನಾಲ್ಕಕ್ಕೆ, ಅದನ್ನು ತೆರೆಯಬೇಕಿತ್ತು. ತೆರೆದ ಮೇಲೆ ಆ ಬಗ್ಗಿಯನ್ನು ಒಂದು ವರ್ಷ ಓಡಿಸಿ ನೋಡಿ, ಗುಣದೋಷ ತಿಳಿಸಲು ಕ್ಲಬ್ಬಿನ ಒಬ್ಬ ಸದಸ್ಯನಿಗೆ ಕೊಡಬೇಕಿತ್ತು.

"ನೆವಿಲ್‌ಗೆ ಕೊಡಿ," ಎಂದಳು ಅಧ್ಯಕ್ಷೆ ಲೊರೇನ್ ಟ್ರೆಝೈಸ್. "ಪಾಪ, ಹನ್ನೊಂದು ವರ್ಷದಿಂದ ನಮ್ಮ ಬಗ್ಗಿಗಳನ್ನ ಎತ್ತಿದ್ದಾನೆ. ಮಾತಿಲ್ಲ, ಕತೆಯಿಲ್ಲ. ನಂಬಿಕಸ್ಥ."

ಕ್ವೆಂಟಿನ್ ನಾಲ್ಕು ಪುಟದ ಕರಾರಿನ ಕಾಗದ ಮುಂದಿಟ್ಟ. ಲೋಕದ ಎಲ್ಲರೂ ಇಂಥ ಕಾಗದಗಳನ್ನು ಹೇಗೆ ಓದುತ್ತಾರೋ ನೆವಿಲ್ ಹಾಗೆಯೇ ಓದಿದ. ಅಂದರೆ ಸಹಿ ಹಾಕುವ ಗೆರೆ ಎಲ್ಲಿದೆಯೆಂದು ಹುಡುಕಿ, ಹಾಕಿದ. ಹೊಸ ಬಗ್ಗಿ ಅವನ ಕೈಗೆ ಎಂದೂ ಬಂದಿರಲಿಲ್ಲ. ಬೇರೆಯವರು ಬಿಟ್ಟದ್ದನ್ನು ರಿಪೇರಿ ಮಾಡಿಕೊಂಡೇ ಓಡಿಸಿದವನು.

ಇನ್ನಾರು ತಾಸು ಸುಮ್ಮನಿದ್ದರೆ ಮುಗಿಯುತ್ತಿತ್ತು.

ಹನ್ನೊಂದೂವರೆಗೆ ಲೊರೇನ್ ಕಾವಲಿಯ ಮೇಲೆ ಸಾಸೇಜು ಹುರಿಯುತ್ತಿದ್ದಳು. ಜನ ಸಾಲಾಗಿ ನಿಂತಿದ್ದರು. ಸಾಲಿನ ಮುಂದೆ ಮರ್ವಿನ್ ವರದಿಯ ಒಂಬತ್ತನೇ ಪುಟ ಓದುತ್ತಿದ್ದ. "ಬ್ಯಾಟರಿ ಉದ್ದಕ್ಕೇ ಇರುತ್ತೆ. ಇದರಲ್ಲಿ ಎರಡು ಮಾತಿಲ್ಲ. ನೆರಳಿನ ಕೋನ ನೋಡಿ, ಮಗು ಕೂಡ ಹೇಳುತ್ತೆ."

ಲೊರೇನ್ ಒಂದು ಬ್ರೆಡ್ಡಿನ ಹೋಳಿನ ಮೇಲೆ ಸಾಸೇಜನ್ನು ಎಂದಿನಂತೆ ಮೂಲೆಯಿಂದ ಮೂಲೆಗೆ ಇಟ್ಟು ನೆವಿಲ್‌ನ ಕೈಗೆ ಕೊಟ್ಟಳು. ಅದನ್ನೇ ನೋಡುತ್ತ ನೆವಿಲ್, ಯಾರಿಗೂ ಅಲ್ಲ ಎನ್ನುವಂತೆ, "ಮೂಲೆಯಿಂದ ಮೂಲೆಗೂ ಇರಬಹುದು," ಎಂದ.

ಮರ್ವಿನ್ ಪುಟದಿಂದ ತಲೆಯೆತ್ತಿದ.

"ಯಾರು ಹೇಳಿದ್ರು ನಿನಗೆ?" ಎಂದ ಡೇರಿಲ್.

ಸಾಸೇಜು ಹೇಳಿತು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಹನ್ನೊಂದು ವರ್ಷದಲ್ಲಿ ಮೊದಲ ಸಲ ಹದಿನಾಲ್ಕು ಮುಖಗಳು ನೆವಿಲ್‌ನ ಕಡೆ ತಿರುಗಿದ್ದವು. ಆ ಬಿಸಿಲಿನಲ್ಲಿ ಅದು ತಣ್ಣನೆಯ ಗಾಳಿಯಂತೆ ಹಿತವಾಗಿತ್ತು.

"ಹೇಳೋ ಹಾಗಿಲ್ಲ," ಎಂದ.

"ಕಾಗದಕ್ಕೆ ಸಹಿ ಹಾಕಿದ್ದಾನೆ ಕಣ್ರಪ್ಪ," ಎಂದು ಡೇರಿಲ್ ಪಿಸುಗುಟ್ಟಿದ. ಅವನ ಪಿಸುಮಾತು ಸೈಲೋಗೆ ತಾಗಿ ವಾಪಸು ಬರುವಂಥದ್ದು. "ಮತ್ತೆ, ಇವನ ಭಾವ ಕೆವಿನ್ ಇಲ್ವಾ, ಅಡಿಲೇಡ್ ಬಂದರಿನ ಗೋದಾಮಲ್ಲಿ. ಹಡಗಿನಿಂದ ಇಳಿಯೋ ಮಾಲೆಲ್ಲ ಅವನ ಕೈ ಮೇಲೇ ಹೋಗೋದು."

ಕೆವಿನ್ ಗೋದಾಮಿನಲ್ಲಿದ್ದದ್ದು ನಿಜ. ಅದು ನಾಯಿ ಬಿಸ್ಕತ್ತಿನ ಗೋದಾಮು. ನೆವಿಲ್ ಅದನ್ನು ಹೇಳಬಹುದಾಗಿತ್ತು. ಆದರೆ ಆಗಲೇ ಯಾರೋ ಅವನಿಗೊಂದು ಕುರ್ಚಿ ತಂದಿಟ್ಟಿದ್ದರು.

ಕುರ್ಚಿಯ ರುಚಿ ಹತ್ತುವುದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಹನ್ನೆರಡು ಗಂಟೆಯ ರೇಸಿನಲ್ಲಿ ಬಗ್ಗಿ ಎತ್ತಲು ನೆವಿಲ್ ಏಳಹೋದಾಗ ಲೊರೇನ್ ಅವನ ಭುಜ ಒತ್ತಿ ಕೂರಿಸಿದಳು. "ನೀನು ಕೂತ್ಕೋ. ಮರ್ವಿನ್, ಇವತ್ತು ನೀವು ಹೋಗಿ. ಮಂಡಿಗೆ ಒಳ್ಳೇದು." ಮರ್ವಿನ್ ಅರ್ಧ ಗಂಟೆ ಕೆಮ್ಮಣ್ಣಿನಲ್ಲಿ ಬಗ್ಗಿ ಎದ್ದು, ಇಟ್ಟಿಗೆಯ ಬಣ್ಣಕ್ಕೆ ತಿರುಗಿ ವಾಪಸಾದ. ಮೇಜಿನ ಮೇಲಿದ್ದ ಅವನ ವರದಿಯ ಹನ್ನೆರಡನೇ ಪುಟದಲ್ಲಿ ಯಾರೋ ಬಾಯಿ ಒರೆಸಿಕೊಂಡಿದ್ದರು.

"ಅಷ್ಟೊಂದು ತಿಳಿದವನಾದ್ರೆ ಬಣ್ಣ ಹೇಳು," ಎಂದು ಅವನು ನೆವಿಲ್‌ನ ಮುಂದೆ ನಿಂತ. "ಕಂಪನಿಯವರು ಮೂವತ್ತು ವರ್ಷದಿಂದ ಕೆಂಪು, ನೀಲಿ ಬಿಟ್ಟು ಬೇರೆ ಬಣ್ಣ ಮುಟ್ಟಿಲ್ಲ. ಹೇಳಪ್ಪ, ಯಾವುದು?"

ನೆವಿಲ್ ಅತ್ತಿತ್ತ ನೋಡಿದ. ಅವನ ಮತ್ತು ಮರ್ವಿನ್‌ನ ನಡುವೆ ಸಾಸಿವೆ ಗೊಜ್ಜಿನ ಬಾಟಲಿ ಇತ್ತು.

"ಹಳದಿ. ಬರೀ ಹಳದಿ ಅಲ್ಲ. ಸಾಸಿವೆ ಗೊಜ್ಜಿನ ಹಳದಿ."

"ನಿಜವಾಗ್ಲೂ?"

"ನಾನು ಏನೂ ಹೇಳಿಲ್ಲ ಅಂದ್ಕೊಳ್ಳಿ."

ಏನೂ ಹೇಳದೆ ಹೇಳಿದ ಈ ಮಾತು ಅಂಗಳವನ್ನೆಲ್ಲ ಸುತ್ತಿ ಬಂತು. ಡೇರಿಲ್ ಅರ್ಧ ಗಂಟೆಯೊಳಗೆ ತನ್ನ ಕೆಂಪು ಬಗ್ಗಿಯನ್ನು ಪೋರ್ಟ್ ಪಿರೀಯಿಂದ ಬಂದಿದ್ದ ಒಬ್ಬನಿಗೆ ಸಿಕ್ಕಷ್ಟಕ್ಕೆ ಮಾರಿದ. "ಮೂಲೆಯಿಂದ ಮೂಲೆಗೆ ಬ್ಯಾಟರಿ ಬಂದ ಮೇಲೆ ಈ ಡಬ್ಬ ಯಾರಿಗೆ ಬೇಕು," ಎಂದು ಕೊಂಡವನ ಎದುರಿಗೇ ಹೇಳಿದ. ಇನ್ನಿಬ್ಬರು ಊರೊಳಗೆ ಹೋಗಿ ತಮ್ಮ ಬಗ್ಗಿಗಳಿಗೆ ಬಳಿಯಲು ಹಳದಿ ಬಣ್ಣದ ಡಬ್ಬಿಗಳನ್ನು ತಂದರು. ಕ್ವೆಂಟಿನ್ ಮಾತ್ರ ಮೂಲೆಯಲ್ಲಿ ಕೂತು ನಗುತ್ತ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ. ಪೆಟ್ಟಿಗೆಯೊಳಗೇನಿದೆಯೆಂದು ಅವನೂ ಕಂಡಿರಲಿಲ್ಲ. "ಎಲ್ಲಾ ಕ್ಲಬ್ಬಲ್ಲೂ ಇಂಥೋರೊಬ್ರು ಇರ್ತಾರೆ," ಎಂದ. "ಆಫೀಸಲ್ಲಿ ಓದಿ ಹೇಳಿದ್ರೆ ನಗು ತಡೆಯೋಕಾಗಲ್ಲ."

ಎರಡು ಗಂಟೆಗೆ ಲೊರೇನ್ ತಾನೇ ಬಂದು ನೆವಿಲ್‌ನ ಪಕ್ಕ ಕುಳಿತಳು. ಅವಳ ದನಿಯಲ್ಲಿ ಎಂದೂ ಇಲ್ಲದ ಮೃದುತನವಿತ್ತು.

"ನೆವ್, ನಾನು ಯಾರಿಗೂ ಹೇಳಲ್ಲ. ಮೇಲಿನ ಬಾಡಿ ಸಿಕ್ಕಿಸೋ ಪಿನ್ನುಗಳ ವಿಷಯ. ಆ ಸಣ್ಣ ಪಿನ್ನು ಮಣ್ಣಲ್ಲಿ ಬಿದ್ರೆ ದೇವರಿಗೂ ಸಿಗಲ್ಲ. ಈ ಸಲವಾದ್ರೂ ಏನಾದ್ರೂ ಬದಲಾವಣೆ ಇದೆಯಾ?"

ನೆವಿಲ್‌ಗೆ ಸಾಕಾಗಿತ್ತು. ಆದರೆ ಅಧ್ಯಕ್ಷೆ ಕೇಳುತ್ತಿದ್ದಳು. ಅವಳ ಹೆಗಲಾಚೆ ಶೆಡ್ಡಿನ ಹಳೆಯ ಫ್ರಿಜ್ಜು ಕಾಣುತ್ತಿತ್ತು. ಅದರ ಬಾಗಿಲಿಗೆ ರೇಸಿನ ವೇಳಾಪಟ್ಟಿಯನ್ನು ಅಯಸ್ಕಾಂತದ ಬಿಲ್ಲೆಗಳಿಂದ ಅಂಟಿಸಿದ್ದರು.

"ಪಿನ್ನಿಲ್ಲ," ಎಂದ. "ಅಯಸ್ಕಾಂತ."

ಲೊರೇನ್ ಎದ್ದುಹೋಗಿ ಕ್ಲಬ್ಬಿಗಾಗಿ ಹೇಳಿದ್ದ ಸಾವಿರ ಪಿನ್ನುಗಳ ಆರ್ಡರನ್ನು ಫೋನಿನಲ್ಲೇ ರದ್ದು ಮಾಡಿದಳು. ಬರುವಾಗ ಯಾರಿಗೂ ಹೇಳಲಿಲ್ಲ. ಮೂರು ಗಂಟೆಯ ಹೊತ್ತಿಗೆ ಗೊತ್ತಿಲ್ಲದವರೇ ಉಳಿದಿರಲಿಲ್ಲ.

ಆಗ ನೆವಿಲ್ ಗಡಿಯಾರ ನೋಡಿದ. ಇನ್ನೊಂದು ಗಂಟೆಗೆ ಪೆಟ್ಟಿಗೆ ತೆರೆಯುತ್ತದೆ. ಒಳಗಿನಿಂದ ಕೆಂಪು ಬಗ್ಗಿ, ಉದ್ದ ಬ್ಯಾಟರಿ, ನಾಲ್ಕು ಪಿನ್ನುಗಳೊಂದಿಗೆ ಹೊರಬರುತ್ತದೆ. ಡೇರಿಲ್‌ನ ಕೈಗಳು ಕೊಳಾಯಿ ತಿರುಪಿ ತಿರುಪಿ ಕೊಡಲಿಯ ಕಾವಿನಷ್ಟಾಗಿದ್ದವು. ಸದ್ದಿಲ್ಲದೆ ಮನೆಗೆ ಹೋಗೋಣವೆಂದು ನೋಡಿದರೆ ಅವನ ಕಾರಿಗೆ ಅಡ್ಡವಾಗಿ ಡೇರಿಲ್‌ನ ವ್ಯಾನು ನಿಂತಿತ್ತು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಅವನು ಅಟ್ಟ ಹತ್ತಿ ಮೈಕು ಹಿಡಿದ. ತಾನಾಗಿ ಹೇಳಿದರೆ ಅರ್ಧ ಮಾಫಿ ಸಿಗಬಹುದೆಂದು ಅವನ ಲೆಕ್ಕ.

"ನಾನು ಬೆಳಿಗ್ಗೆಯಿಂದ ಹೇಳಿದ್ದೆಲ್ಲ ಸುಳ್ಳು," ಎಂದ. "ನನಗೇನೂ ಗೊತ್ತಿಲ್ಲ. ಎಲ್ಲಾ ಬಾಯಿಗೆ ಬಂದಿದ್ದು ಹೇಳಿದೆ. ತಪ್ಪಾಯ್ತು."

ಹಳದಿ ಬಣ್ಣ ಬಳಿಯುತ್ತಿದ್ದವರ ಕೈ ನಿಂತಿತು. ಡೇರಿಲ್ ಪೋರ್ಟ್ ಪಿರೀಯವನ ಹುಡುಕಾಟಕ್ಕೆ ಓಡಿದ. ಕೊಂಡವನು ಊಟಕ್ಕೂ ನಿಲ್ಲದೆ ಹೊರಟುಹೋಗಿ ಎರಡು ತಾಸಿನ ಮೇಲಾಗಿತ್ತು. ಮರ್ವಿನ್ ತನ್ನ ವರದಿಯ ಪುಟಗಳನ್ನು ಎದೆಗವಚಿಕೊಂಡು, "ಅಳತೆ ಸುಳ್ಳು ಹೇಳಲ್ಲ. ಮನುಷ್ಯ ಹೇಳ್ತಾನೆ," ಎಂದ.

"ಹನ್ನೊಂದು ವರ್ಷ ನಂಬಿದ್ನಲ್ಲ ನಿನ್ನ," ಎಂದಳು ಲೊರೇನ್. ಅವಳಿಗೆ ಸಾವಿರ ಪಿನ್ನುಗಳು ಕಣ್ಮುಂದೆ ಬಂದಿದ್ದವು. "ಸುಳ್ಳು ಹೇಳೋನಿಗೆ ಹೊಸ ಬಗ್ಗಿ ಕೊಟ್ರೆ ಗುಣದೋಷಾನೂ ಸುಳ್ಳೇ ಬರೀತಾನೆ. ಕ್ವೆಂಟಿನ್, ಇವನ ಹೆಸರು ತೆಗೀರಿ." ಕ್ವೆಂಟಿನ್ ಹೆಸರು ಹೊಡೆದುಹಾಕಿದ.

ನಾಲ್ಕು ಗಂಟೆಯಾಯಿತು. ಮೊಹರು ಒಡೆದರು. ಕ್ವೆಂಟಿನ್ ಎರಡೂ ಕೈಯಿಂದ ಬಗ್ಗಿಯನ್ನು ಮೇಲೆತ್ತಿದ.

ಹಳದಿ. ಬರೀ ಹಳದಿಯಲ್ಲ. ಮೇಜಿನ ಮೇಲಿನ ಬಾಟಲಿಯನ್ನು ಎಲ್ಲರೂ ಒಮ್ಮೆ ನೋಡಿದರು. ಲೊರೇನ್ ಕೈ ಚಾಚಿ ಬಾಡಿಯನ್ನು ಎಳೆದಳು. ಪಿನ್ನಿಲ್ಲದೆ ಅದು ಕಳಚಿ ಬಂತು. ಹತ್ತಿರ ಹಿಡಿದಾಗ 'ಟಪ್' ಎಂದು ತಾನಾಗಿ ಕೂತುಕೊಂಡಿತು. ಮತ್ತೆ ಎಳೆದು ಒಳಗೆ ನೋಡಿದರು. ಬ್ಯಾಟರಿಯ ಜಾಗ ಮೂಲೆಯಿಂದ ಮೂಲೆಗೆ, ಬ್ರೆಡ್ಡಿನ ಮೇಲೆ ಸಾಸೇಜು ಮಲಗಿದಂತೆ ಮಲಗಿತ್ತು.

ಎಲ್ಲರಿಗಿಂತ ಹೆಚ್ಚು ಬೆರಗಾದವನು ನೆವಿಲ್. ಬೆರಗಿನ ಹಿಂದೆಯೇ ಆಸೆಯೂ ಬಂತು. ಅಟ್ಟದಿಂದ ಎರಡೆರಡು ಮೆಟ್ಟಿಲಿಳಿದು ಓಡಿಬಂದ.

"ನೋಡಿದ್ಯಾ ಲೊರೇನ್, ನಾನು ಹೇಳಿದ್ದೆಲ್ಲ ನಿಜ. ಸುಳ್ಳುಗಾರ ಅಲ್ಲ ಅಂತಾಯ್ತಲ್ಲ. ನನ್ನ ಹೆಸರು ವಾಪಸ್ ಬರೀರಿ."

ಲೊರೇನ್ ಬರೆಸುವವಳೇ ಇದ್ದಳು. ಕ್ವೆಂಟಿನ್ ಮುಖದಲ್ಲಿ ಮಾತ್ರ ಆ ದಿನದ ನಗು ಅಷ್ಟೂ ಬತ್ತಿಹೋಗಿತ್ತು. ಅವನು ನೆವಿಲ್ ಸಹಿ ಹಾಕಿದ್ದ ಕಾಗದ ಬಿಡಿಸಿ ಮೂರನೇ ಪುಟಕ್ಕೆ ಬಂದ.

"ಒಂಬತ್ತನೇ ಷರತ್ತು. ಬಿಡುಗಡೆಗೆ ಮುಂಚೆ ಮಾಲಿನ ವಿವರ ಯಾರಿಗೂ ತಿಳಿಸಬಾರದು. ಸಹಿ ನಿಮ್ಮದೇ ತಾನೆ? ಹದಿನೈದು ದೇಶದಲ್ಲಿ ಎಲ್ಲೂ ಸೋರದ ವಿಷಯ ಕಡೀನಾದ ಶೆಡ್ಡಲ್ಲಿ ಸೋರಿದೆ. ಯಾರು ಕೊಟ್ರು ನಿಮಗೆ?"

"ಯಾರೂ ಕೊಟ್ಟಿಲ್ಲ ಸಾರ್. ಬ್ಯಾಟರಿ ಸಾಸೇಜು ನೋಡಿ ಹೇಳಿದ್ದು. ಬಣ್ಣ ಈ ಬಾಟಲಿ ನೋಡಿ. ಅಯಸ್ಕಾಂತ ಫ್ರಿಜ್ಜಿಂದ."

"ಹದಿನೆಂಟು ವರ್ಷದಿಂದ ಈ ಕೆಲಸದಲ್ಲಿದ್ದೀನಿ," ಎಂದ ಕ್ವೆಂಟಿನ್. "ಇಷ್ಟು ಬಡಕಲು ನೆಪ ಕೇಳಿಲ್ಲ. ನಿಮ್ಮ ಭಾವ ಬಂದರಲ್ಲಿದ್ದಾರಂತೆ."

"ಅದು ನಾಯಿ ಬಿಸ್ಕತ್ತಿನ ಗೋದಾಮು ಸಾರ್."

"ಹೊರಗಡೆ ಬೋರ್ಡು ಹಾಗೇ ಹಾಕಿರ್ತಾರೆ," ಎಂದ ಡೇರಿಲ್, ಎಲ್ಲ ತಿಳಿದವನಂತೆ. ಬಗ್ಗಿ ಮಾರಿದ್ದು ಸರಿಯಾಯಿತೆಂದು ಅವನೀಗ ನೆವಿಲ್‌ನ ಪರ ಇದ್ದ. ಅದರಿಂದ ನೆವಿಲ್‌ಗೆ ಆದ ಉಪಕಾರ ಅಷ್ಟೇ.

"ಹತ್ತು ನಿಮಿಷದ ಹಿಂದೆ ಎಲ್ಲಾ ಸುಳ್ಳು ಅಂತ ಮೈಕಲ್ಲಿ ಹೇಳಿದ್ದು ಯಾಕೆ ಅಂತ ಈಗ ಅರ್ಥ ಆಯ್ತು," ಎಂದಳು ಲೊರೇನ್. "ಮುಚ್ಚಿಹಾಕೋಕೆ." ಅಂದು ನೆವಿಲ್ ಹೇಳಿದ್ದರಲ್ಲೆಲ್ಲ ಪೂರಾ ನಿಜವಾಗಿದ್ದದ್ದು ಅದೊಂದೇ ಮಾತು. ಸುಳ್ಳು ಹೇಳಿದ್ದಕ್ಕೆ ಹೊಡೆದುಹಾಕಿದ್ದ ಅವನ ಹೆಸರನ್ನು, ನಿಜ ಹೇಳಿದ್ದಕ್ಕೆ ಕ್ವೆಂಟಿನ್ ಮತ್ತೊಮ್ಮೆ ಹೊಡೆದುಹಾಕಿದ. ಒಂದು ವರ್ಷ ಆ ಮಾದರಿಯ ಬಗ್ಗಿಯನ್ನು ನೆವಿಲ್ ಮುಟ್ಟುವಂತಿಲ್ಲವೆಂದೂ ಬರೆದ. ಮಗುಚಿ ಬಿದ್ದರೆ ಎತ್ತುವುದಕ್ಕೆ ಮಾತ್ರ ವಿನಾಯಿತಿ ಕೊಡಬೇಕೆಂದು ಲೊರೇನ್ ಕೇಳಿಕೊಂಡದ್ದರಿಂದ ಅಷ್ಟನ್ನು ಸೇರಿಸಿದ.

"ಹಾಗಾದ್ರೆ ಬಗ್ಗಿ ಯಾರಿಗೆ?" ಎಂದ ಡೇರಿಲ್.

ಕ್ವೆಂಟಿನ್ ಮರ್ವಿನ್‌ನ ವರದಿಯನ್ನು ಕೈಗೆತ್ತಿಕೊಂಡ. "ಇದನ್ನ ಪೂರ್ತಿ ಓದಿದೆ. ಹದಿನೇಳು ಪುಟ, ಒಂದು ಸಾಲೂ ಸರಿ ಇಲ್ಲ. ಇವರಿಗೆ ಯಾವ ಕಡೆಯಿಂದಲೂ ಏನೂ ಗೊತ್ತಾಗಿಲ್ಲ ಅನ್ನೋದಕ್ಕೆ ಇದಕ್ಕಿಂತ ಪುರಾವೆ ಬೇಡ. ಕಂಪನಿಗೆ ಇಂಥವರೇ ಬೇಕು."

ಮರ್ವಿನ್ ಅದನ್ನು ಹೊಗಳಿಕೆಯೆಂದೇ ಸ್ವೀಕರಿಸಿದ.

ಡೇರಿಲ್ ವ್ಯಾನು ತೆಗೆಯುವವರೆಗೆ ಕಾದು ನೆವಿಲ್ ಕಾರಿನಲ್ಲಿ ಕುಳಿತ. ಅಷ್ಟರಲ್ಲಿ ಮರ್ವಿನ್ ಹಳದಿ ಬಗ್ಗಿಯನ್ನು ಕಂಕುಳಲ್ಲಿಟ್ಟುಕೊಂಡು ಕಿಟಕಿಯ ಬಳಿ ಬಂದ. ಹಿಂದೆ ಮುಂದೆ ನೋಡಿ, ಬಗ್ಗಿ, ತಗ್ಗಿದ ದನಿಯಲ್ಲಿ ಕೇಳಿದ.

"ಆದದ್ದಾಯ್ತು ಬಿಡು ಮಾರಾಯ. ಇದರ ಮುಂದಿನದು ಹೇಗಿರುತ್ತಂತೆ?"

"ನನಗೆ ಗೊತ್ತಿಲ್ಲ ಮರ್ವಿನ್."

"ಹೇಳೋಕೆ ಮುಂಚೆ ಎರಡು ಸೆಕೆಂಡು ತಡ ಮಾಡಿದೆ," ಎಂದು ಮರ್ವಿನ್ ಜೇಬಿನಿಂದ ಚೀಟಿ, ಪೆನ್ಸಿಲ್ಲು ತೆಗೆದ.

ನೆವಿಲ್ ಕಿಟಕಿಯ ಗಾಜು ಏರಿಸಿದ. ಮರ್ವಿನ್ ಅದನ್ನೂ ಬರೆದುಕೊಂಡ.