ಮಗಳ ಬಾಲ್ಕನಿಯ ಮೂರು ಗಿಡ

ಕುವೈತಿನಲ್ಲಿರುವ ನಮ್ಮವರ ಪಾರ್ಸೆಲ್ ಪುರಾಣ ಮುಗಿಯುವುದೇ ಇಲ್ಲ ಮಾರಾಯ್ರೆ. ರಜೆಗೆ ಊರಿಗೆ ಹೋದವರು ವಾಪಸ್ ಬರುವಾಗ ತಮ್ಮ ಬಟ್ಟೆ ಬಿಟ್ಟಾದರೂ ಇನ್ನೊಬ್ಬರ ಹಪ್ಪಳ, ಉಪ್ಪಿನಕಾಯಿ ಹೊತ್ತು ತರಬೇಕು. ಅದರಲ್ಲಿ ನಗುವಂಥದ್ದು ಒಂದಲ್ಲ ಒಂದು ಆಗುತ್ತಲೇ ಇರುತ್ತದೆ. ನನಗೆ ಮಾತ್ರ ಈಗ ಪೂರ್ತಿ ನಗಲಿಕ್ಕೆ ಆಗುವುದಿಲ್ಲ. ಯಾಕೆಂತ ಹೇಳುತ್ತೇನೆ.

೧. ಉಪ್ಪಿನಕಾಯಿ

ಇಲ್ಲಿನ ಸಲ್ವಾ ಏರಿಯಾದ ಒಂದು ಕುವೈತಿ ಮನೆಯಲ್ಲಿ ಡ್ರೈವರ್ ಆಗಿದ್ದ ನಮ್ಮೂರ ಕಡೆಯ ಹುಡುಗ, ನನ್ನನ್ನು ಅಣ್ಣಾ ಅಂತಲೇ ಕರೆಯುವವನು. ಆರು ವರ್ಷದ ಹಿಂದೆ ರಜೆ ಮುಗಿಸಿ ಹೊರಡುವ ದಿನ ಊರಿಂದ ಫೋನ್ ಮಾಡಿದ. "ಅಣ್ಣಾ, ಯಾರೋ ಗುರುತಿಲ್ಲದವ ಬಂದಿದ್ದಾನೆ. ಕುವೈತಿನಲ್ಲಿರುವ ಅವನ ತಮ್ಮನಿಗೆ ಒಂದು ಕಟ್ಟು ಹಪ್ಪಳ ಕೊಡ್ಬೇಕಂತೆ. ಎಂತ ಮಾಡುದು?"

ನಾನು ಹೇಳಿದೆ, "ಪಾಪ, ತಕ್ಕೊಂಡು ಬಾ ಮಾರಾಯ. ನಾಳೆ ನಮಗೂ ಬೇಕಾಗ್ತದೆ."

ಕುವೈತ್ ಏರ್‌ಪೋರ್ಟಿನಲ್ಲಿ ಅವನ ಬ್ಯಾಗಿನಿಂದ ಮೊದಲು ತೆಗೆದದ್ದು ನನ್ನ ಅತ್ತೆ ಕಳಿಸಿದ್ದ ಮಾವಿನಮಿಡಿ ಉಪ್ಪಿನಕಾಯಿಯ ಡಬ್ಬಿ. ಆಫೀಸರ್ ಮುಚ್ಚಳ ತೆಗೆದು ಮೂಸಿ, ಮೂರು ಸಲ ಸೀನಿ, ಯಲ್ಲಾ, ಹೋಗಲಿ ಅಂತ ಪಕ್ಕಕ್ಕಿಟ್ಟನಂತೆ. ಎರಡನೆಯದು ಹಪ್ಪಳದ ಕಟ್ಟು. ನಡುವೆ ಗಾಂಜಾ ಇತ್ತು.

ಹತ್ತು ವರ್ಷ ಜೈಲು. ತಾ ಅಂತ ಹೇಳಿದ್ದು ನಾನು, ಒಳಗೆ ಹೋದದ್ದು ಅವನು. ನನ್ನ ಹೆಸರನ್ನು ಅವನು ಯಾರ ಹತ್ತಿರವೂ ಎತ್ತಲಿಲ್ಲ. ತಪ್ಪಾಯ್ತು ಅಂತ ಹೇಳಲಿಕ್ಕೆಂದೇ ಮೊದಲ ಸಲ ನೋಡಲು ಹೋದೆ. ಗಾಜಿನ ಆಚೆಯಿಂದ ಫೋನ್ ಎತ್ತಿ ಅವನೇ ಮೊದಲು ಕೇಳಿದ, "ಅಣ್ಣಾ, ಉಪ್ಪಿನಕಾಯಿ ನಿಮ್ಮ ಕೈಗೆ ಸಿಕ್ಕಿತಾ?"

೨. ಎಳ್ಳುಂಡೆ

ಅಲ್ಲಿಂದ ನನಗೆ ಪಾರ್ಸೆಲ್ ಅಂದರೆ ಬಿಚ್ಚಿ ನೋಡುವ ರೋಗ. ಮುಂದಿನ ಸಲ ಊರಿಂದ ಹೊರಡುವಾಗ ಅತ್ತೆ ಒಂದು ಡಬ್ಬಿ ಎಳ್ಳುಂಡೆ ಮಾಡಿಕೊಟ್ಟರು. ನಾನು ಚಾವಡಿಯಲ್ಲಿ ಪೇಪರ್ ಹಾಸಿ ಕೂತು ಒಂದೊಂದನ್ನೇ ಎರಡು ಹೋಳು ಮಾಡಿ ಒಳಗೆ ನೋಡಿದೆ. ಪಾಯಸಕ್ಕೆಂದು ಕಟ್ಟಿದ್ದ ಗಸಗಸೆಯನ್ನು, ಅದಕ್ಕೂ ಗಲ್ಫಿನಲ್ಲಿ ಹಿಡಿಯುತ್ತಾರೆಂದು, ವಾಪಸ್ ಕೊಟ್ಟೆ.

ಅತ್ತೆ ಬಾಗಿಲ ಹತ್ತಿರ ನಿಂತು ಎಲ್ಲ ನೋಡಿ, ನನ್ನ ಹೆಂಡತಿಯನ್ನು ಕರೆದು ಮೆಲ್ಲಗೆ ಕೇಳಿದರು, "ಉಂಡೆಯೊಳಗೆ ಬಂಗಾರ ಇಟ್ಟಿದ್ದೇನೆ ಅಂತ ಇವರಿಗೆ ಯಾರು ಹೇಳಿದ್ದು?"

೩. ಕಿಟಕಿ

ನಮ್ಮ ಮಗಳು ಹುಟ್ಟಿ ಬೆಳೆದದ್ದು ಇಲ್ಲೇ, ಕುವೈತಿನಲ್ಲಿ. ಈಗ ಜರ್ಮನಿಯಲ್ಲಿ ಓದುತ್ತಿದ್ದಾಳೆ. ಒಂದು ಶುಕ್ರವಾರ ವಿಡಿಯೋ ಕಾಲ್‌ನಲ್ಲಿ ತನ್ನ ಬಾಲ್ಕನಿ ತೋರಿಸಿದಳು. ಮೂರು ಕುಂಡ, ಮೂರು ಗಿಡ, ಏಳೇಳು ಬೆರಳಿನ ಎಲೆ.

"ಎಷ್ಟು ಚೆಂದ ಉಂಟು! ಬರುವಾಗ ಬೀಜ ತಾ," ಅಂದಳು ಹೆಂಡತಿ.

"ನೋ ಅಮ್ಮಾ! ಅದು ರೂಮ್‌ಮೇಟಿಂದು. ಗಾಂಜಾ. ಇಟ್ಸ್ ಲೀಗಲ್ ಹಿಯರ್. ಒಬ್ಬರಿಗೆ ತ್ರೀ ಪ್ಲಾಂಟ್ಸ್!"

ಕೆಳಗಿನ ಮನೆಯ ಮುದುಕ ಈಗಾಗಲೇ ದೂರು ಕೊಟ್ಟಿದ್ದಾನಂತೆ. ಗಾಂಜಾ ಬೆಳೆದದ್ದಕ್ಕಲ್ಲ, ಅಲ್ಲಿ ಸದ್ದು ಮಾಡಬಾರದ ಭಾನುವಾರದ ದಿನ ಕುಂಡ ಎಳೆದದ್ದಕ್ಕೆ.

ಅಷ್ಟು ಕೇಳುವಷ್ಟರಲ್ಲಿ ನಾನು ಎದ್ದು ಕಿಟಕಿ ಮುಚ್ಚಿ, ಪರದೆ ಎಳೆದು, ಬಾಗಿಲಿಗೆ ಚಿಲಕ ಹಾಕಿ ಆಗಿತ್ತು. ಹೆಂಡತಿ ನನ್ನನ್ನೇ ನೋಡಿದಳು. "ಕಿಟಕಿ ಎಂತಕ್ಕೆ ಮುಚ್ಚುದು? ಗಿಡ ಇರುವುದು ಜರ್ಮನಿಯಲ್ಲಿ ಅಲ್ವಾ?"

ಅವತ್ತು ಅವಳು ನಗುತ್ತಾ ಮಲಗಿದಳು. ನನಗೆ ನಿದ್ದೆ ಬರಲಿಲ್ಲ. ಅಲ್ಲಿ ತುಳಸಿಯ ಹಾಗೆ ನೀರು ಹಾಕಿ ಸಾಕುವ ಗಿಡಕ್ಕೆ ಇಲ್ಲಿ ಒಬ್ಬನ ಹತ್ತು ವರ್ಷ ಹೋಗುತ್ತಿದೆ.

೪. ಗಾಜಿನ ಆಚೆ

ಜೈಲಿನ ಮುಂದಿನ ಭೇಟಿಯಲ್ಲಿ ಅವನಿಗೆ ಇದನ್ನು ಹೇಳಬಾರದೆಂದೇ ಹೋದದ್ದು. ಬಾಯಿ ಕೇಳಬೇಕಲ್ಲ!

"ಮೂರು ಗಿಡವಾ? ನಾಲ್ಕನೆಯದು ಹುಟ್ಟಿದ್ರೆ?" ಅಂತ ಕೇಳಿದ.

"ಆಗ ಕೇಸಂತೆ."

"ಹಾಗಾದ್ರೆ ಅಲ್ಲಿಯೂ ನಮ್ಮಂಥವರು ಇರ್ತಾರೆ ಬಿಡಿ," ಅಂದು ನಕ್ಕ. ಹಲ್ಲೊಂದು ಬಿದ್ದಿತ್ತು. ತಲೆ ಅರ್ಧ ನರೆತಿತ್ತು. ಹೋದವರ್ಷ ತಾಯಿ ತೀರಿಕೊಂಡಾಗ ಹೆಣದ ಮುಖವನ್ನೂ ಅವನು ನೋಡಲಿಲ್ಲ.

ನನಗೆ ತಡೆಯಲಾಗಲಿಲ್ಲ. ಆರು ವರ್ಷದಿಂದ ಹೇಳದೆ ಉಳಿದಿದ್ದ ಮಾತು ಹೊರಗೆ ಬಂತು. "ಅವತ್ತು ನಾನು ಬೇಡ ಅಂದಿದ್ದರೆ ನೀನು ಇಲ್ಲಿ ಇರ್ತಿರಲಿಲ್ಲ. ತಪ್ಪಾಯ್ತು ಮಾರಾಯ." ಅಷ್ಟು ಹೇಳಿ ಅತ್ತುಬಿಟ್ಟೆ.

ಅವನು ಗಾಜಿಗೆ ಅಂಗೈ ಒತ್ತಿ, "ಬಿಡಿ ಅಣ್ಣಾ, ಖಲಾಸ್," ಅಂದ. "ನಿಮ್ಮಿಂದ ಒಂದೇ ಒಂದು ಉಪಕಾರ ಆಗಬೇಕು."

"ಎಂತ ಬೇಕಾದ್ರೂ ಹೇಳು."

"ಮಗಳ ಹತ್ರ ಕೇಳಿ ಹೇಳಿ, ಆ ಗಿಡದ ವಾಸನೆ ಹೇಗಿರ್ತದೆ ಅಂತ. ಏರ್‌ಪೋರ್ಟಿನ ನಾಯಿ ಮೂಸಿತು, ಆಫೀಸರ್ ಮೂಸಿದ, ಲ್ಯಾಬಿನವರೂ ಮೂಸಿದ್ರು. ಆರು ವರ್ಷ ಒಳಗೆ ಕೂತವ ನಾನು, ನಾನೊಬ್ಬನೇ ಇನ್ನೂ ಮೂಸಿಲ್ಲ!"