ಹನ್ನೊಂದು ಗಂಟೆಯ ದೋಣಿ

ಅತ್ತೆಗೆ ಒಂದೇ ದಿನದಲ್ಲಿ ಇಡೀ ಜಾಂಜಿಬಾರ್ ತೋರಿಸಿಬಿಡುತ್ತೇನೆಂದು ಮಕಾಮೆ ಪ್ರತಿಜ್ಞೆ ಮಾಡುವಾಗ ಅವನ ಬಾಯಲ್ಲಿ ಮೀನಿನ ಮುಳ್ಳಿತ್ತು. ಅದನ್ನು ತೆಗೆದು ತಟ್ಟೆಯ ಅಂಚಿಗಿಟ್ಟು, ತುಂಬಿದ ಸಭೆಗೆ ಹೇಳುವವನ ಹಾಗೆ ಇನ್ನೊಮ್ಮೆ ಹೇಳಿದ: "ಒಂದು ದಿನ, ಹತ್ತು ಜಾಗ. ಒಂದೂ ಬಿಡೋದಿಲ್ಲ."

ಸಭೆಯಲ್ಲಿದ್ದವರು ಇಬ್ಬರು. ಒಬ್ಬಳು ಹೆಂಡತಿ ಜುವೇನಾ. ಇನ್ನೊಬ್ಬರು ಅಂದು ಮಧ್ಯಾಹ್ನವಷ್ಟೇ ಪೆಂಬಾ ದ್ವೀಪದಿಂದ ಹಡಗಿನಲ್ಲಿ ಬಂದಿಳಿದಿದ್ದ ಅವಳ ತಾಯಿ ಬಿ ಜೋಖಾ; 'ಬಿ' ಎಂಬುದು ಅಲ್ಲಿ ಹಿರಿಯ ಹೆಂಗಸರನ್ನು ಗೌರವದಿಂದ ಕರೆಯುವ ಮಾತು. ಮಗಳ ಮದುವೆಯಾಗಿ ಹದಿಮೂರು ವರ್ಷವಾಗಿದ್ದರೂ ಅವರು ಇಲ್ಲಿಗೆ ಬಂದದ್ದು ಇದು ಎರಡನೆಯ ಸಲ. ಮೊದಲ ಸಲ ಮೊಮ್ಮಗಳು ರಯ್ಯಾ ಹುಟ್ಟಿದಾಗ ಬಂದು, ನಲವತ್ತು ದಿನ ಬಾಣಂತಿ ಕೋಣೆಯ ಆಚೆ ಏನನ್ನೂ ನೋಡದೆ ವಾಪಸಾಗಿದ್ದರು.

"ಅಷ್ಟೊಂದು ಜಾಗ ಯಾಕಪ್ಪಾ, ನನಗೋ ಮಂಡಿನೋವು..." ಎಂದು ಬಿ ಜೋಖಾ ಶುರು ಮಾಡಿದರು.

"ಮಂಡಿನೋವಿಗೆ ನಡೆದಾಡಿದರೇ ಒಳ್ಳೇದಮ್ಮ," ಎಂದು ಮಕಾಮೆ ಅವರ ಮಾತನ್ನು ತಾನೇ ಮುಗಿಸಿಕೊಟ್ಟ.

ಹಾಗೆ ಹೇಳುವ ಅಧಿಕಾರ ಅವನಿಗಿತ್ತು. ಹಳೇ ಪಟ್ಟಣದ ಪ್ರವಾಸಿ ಕಚೇರಿಯೊಂದರಲ್ಲಿ ಅವನು ಗುಮಾಸ್ತ. 'ನಮ್ಮ ದ್ವೀಪದಲ್ಲಿ ನೋಡಲೇಬೇಕಾದ ಹತ್ತು ತಾಣಗಳು' ಎಂಬ ಮಡಿಕೆ ಹಾಳೆಯನ್ನು ಬರೆದವನೇ ಅವನು. ಪರದೇಶಿ ಪ್ರವಾಸಿಗರು ಅದನ್ನು ಎದೆಗೊತ್ತಿಕೊಂಡು ಓಡಾಡುತ್ತಿದ್ದರು. ಆ ಹತ್ತರಲ್ಲಿ ಅದನ್ನು ಬರೆದವನು ಸ್ವತಃ ನೋಡಿದ್ದು ಎರಡನ್ನು ಮಾತ್ರ, ಅದರಲ್ಲೂ ಒಂದನ್ನು ಬಸ್ಸಿನ ಕಿಟಕಿಯಿಂದ. ಈ ಗುಟ್ಟು ಅವನನ್ನೂ ಅವನ ಮೇಜನ್ನೂ ಬಿಟ್ಟರೆ ಜುವೇನಾಳಿಗೆ ಮಾತ್ರ ಗೊತ್ತಿತ್ತು.

ಕಚೇರಿಯಿಂದ ಅವನು ಇನ್ನೊಂದು ಅಭ್ಯಾಸವನ್ನೂ ಮನೆಗೆ ತಂದಿದ್ದ. ದ್ವೀಪದ ಜನ ಹೊತ್ತು ಎಣಿಸುವುದು ಸೂರ್ಯ ಹುಟ್ಟಿದಾಗಿನಿಂದ. ಕೈಗಡಿಯಾರದ ಏಳು ಅವರಿಗೆ ಒಂದು ಗಂಟೆ, ನಡುಮಧ್ಯಾಹ್ನ ಆರು, ಸೂರ್ಯ ಮುಳುಗುವಾಗ ಹನ್ನೆರಡು. ಅಜ್ಜಂದಿರ ಕಾಲದಿಂದ ಹೀಗೇ ನಡೆದುಬಂದಿದೆ. ಪರದೇಶಿಗಳೊಂದಿಗೆ ಅವರ ಲೆಕ್ಕದಲ್ಲೇ ಮಾತಾಡಿ ಮಾತಾಡಿ ಮಕಾಮೆಗೆ ಈಗ ಇದೆಲ್ಲ ಹಳ್ಳಿತನವಾಗಿ ಕಾಣುತ್ತಿತ್ತು. "ಈ ಮನೆಯಲ್ಲಿ ಕಚೇರಿ ಗಂಟೆ," ಎಂದು ಅವನು ಕಟ್ಟಪ್ಪಣೆ ಮಾಡಿ ಎರಡು ವರ್ಷವಾಗಿತ್ತು. ಜುವೇನಾ ಗಂಡನೆದುರು ಕಚೇರಿ ಗಂಟೆ ಹೇಳಿ, ಒಲೆಯೆದುರು ಹೋದ ಕೂಡಲೇ ಹಳೇ ಲೆಕ್ಕಕ್ಕೆ ಮರಳುತ್ತಿದ್ದಳು.

ಮಾರನೆಯ ದಿನ ಶಾಲೆಗೆ ರಜೆಯಿರಲಿಲ್ಲವಾದ್ದರಿಂದ ರಯ್ಯಾಳನ್ನು ಚಿಕ್ಕಮ್ಮನ ಮನೆಗೆ ಬಿಟ್ಟು, ಬೆಳಕು ಹರಿಯುತ್ತಿದ್ದಂತೆ ಮೂವರೂ ಹೊರಟರು. ಮೊದಲ ತಾಣ ಮಸಾಲೆ ತೋಟ. ಅಲ್ಲಿಯ ಮಾರ್ಗದರ್ಶಿ ಬಿ ಜೋಖಾರ ಅಂಗೈ ಮೇಲೆ ಒಂದು ಲವಂಗವಿಟ್ಟು, ಇದು ಏನಿರಬಹುದು ಊಹಿಸಿ ನೋಡೋಣ ಎಂದ. ಬಿ ಜೋಖಾ ಹುಟ್ಟಿ ಬೆಳೆದದ್ದೇ ಲವಂಗದ ಮರಗಳ ನಡುವೆ. ಐವತ್ತು ಸುಗ್ಗಿ ಲವಂಗ ಬಿಡಿಸಿ ಒಣಗಿಸಿದ ಕೈ ಅದು. ಅವರು ಲವಂಗವನ್ನು ಬಾಯಿಗೆ ಹಾಕಿ ಕಚ್ಚಿ, ಇದನ್ನು ಎರಡು ದಿನ ಹೆಚ್ಚಿಗೆ ಬಿಸಿಲಿಗೆ ಹಾಕಿದ್ದೀರಿ ಎಂದರು. ಮಾರ್ಗದರ್ಶಿ ಮುಂದಿನ ಗಿಡಕ್ಕೆ ಹೋಗಲು ಅವರ ಅಪ್ಪಣೆ ಕೇಳಿದ. ಇನ್ನು ಇಲ್ಲಿ ನಿಂತರೆ ತೋಟದವರೇ ಪಾಠ ಹೇಳಿಸಿಕೊಳ್ಳಲು ಕೂರುತ್ತಾರೆಂದು ಹೆದರಿ ಮಕಾಮೆ ಎಲ್ಲರನ್ನೂ ಕಡಲ ದಂಡೆಗೆ ಹೊರಡಿಸಿದ.

ಎರಡನೆಯ ತಾಣ ಮರಳುದಿಬ್ಬ. ಸಮುದ್ರದ ನಟ್ಟನಡುವೆ, ನೀರು ಇಳಿದಾಗ ಬೆನ್ನು ತೋರಿಸುವ ಬೆಳ್ಳನೆಯ ಮರಳು. ಅಲ್ಲಿಗೆ ಕರೆದೊಯ್ದವನು ಉಸ್ಸಿ. ಉಸ್ಸಪ್ಪಾ ಎಂದು ಜಗಲಿಯಲ್ಲಿ ಕೂರುವ ವಯಸ್ಸಿನಲ್ಲೂ ದೋಣಿ ಬಿಡದ ಮುದುಕ. ಒಂಬತ್ತೂಕಾಲಿಗೆ ಮೂವರನ್ನೂ, ಒಂದು ಕೊಡೆಯನ್ನೂ, ಬಟ್ಟೆ ಸುತ್ತಿದ ಪಿಲಾವಿನ ದೊಡ್ಡ ಪಾತ್ರೆಯನ್ನೂ ಮರಳಿನ ಮೇಲೆ ಇಳಿಸಿದ. ಅವನೂ ಅಲ್ಲೇ ಕಾದಿರಲು ಹೊರಟಿದ್ದ. ಆದರೆ ಮಕಾಮೆಗೆ ಮನೆಯವರು ಮಾತ್ರ ಇರಬೇಕೆಂಬ ಆಸೆ. ಹೋಗಿ ಮೀನು ಹಿಡಿದುಕೋ, ಹನ್ನೊಂದಕ್ಕೆ ಬಾ ಎಂದ.

ಉಸ್ಸಿ ಮರಳು ನೋಡಿದ, ನೀರು ನೋಡಿದ, ಬಿ ಜೋಖಾರನ್ನು ನೋಡಿದ. "ಹನ್ನೊಂದಕ್ಕಾ ಸಾಹೇಬರೇ?"

"ಹನ್ನೊಂದಕ್ಕೇ. ಮುಂಚೆ ಬಂದು ಕಾಟ ಕೊಡಬೇಡ, ತಡವೂ ಮಾಡಬೇಡ."

"ಆ ಹೊತ್ತಿಗೆ ಇಲ್ಲಿ ನೀರಿರತ್ತೆ."

"ಸಮುದ್ರದಲ್ಲಿ ನೀರಿರದೆ ಮತ್ತೆ ಎಲ್ಲಿರತ್ತಯ್ಯಾ?"

ಉಸ್ಸಿ ತಲೆ ಕೆರೆದುಕೊಂಡ. ಕಚೇರಿಯವರು, ಓದಿದವರು, ಏನೋ ಏರ್ಪಾಡು ಮಾಡಿಕೊಂಡಿರಬೇಕು ಎಂದುಕೊಂಡು ದೋಣಿ ತಿರುಗಿಸಿದ.

ಮುಂದಿನ ಒಂದೂಮುಕ್ಕಾಲು ಗಂಟೆ ಮಕಾಮೆಯ ಬಾಳಿನ ಸುವರ್ಣಯುಗ. ಕೊಡೆ ಬಿಚ್ಚಿ ಅತ್ತೆಯನ್ನು ಕೂರಿಸಿದ. ಮಡಿಕೆ ಹಾಳೆ ತೆಗೆದು ತಾನೇ ಬರೆದ ಸಾಲುಗಳನ್ನು ತಾನೇ ತಲೆದೂಗುತ್ತ ಓದಿದ: "ಕಡಲ ಮಡಿಲಲ್ಲಿ ಮುತ್ತಿನ ಹಾಸು. ಇಲ್ಲಿ ಇಡೀ ದಿನ ನೆಮ್ಮದಿಯಾಗಿ ಕಳೆಯಬಹುದು." ಅತ್ತೆ ಎರಡು ಸಲ, "ನೀರು ತಿರುಗೋ ಹಾಗಿದೆ, ಮಗನೇ..." ಎಂದು ಬಾಯಿ ತೆರೆದರು. ಎರಡು ಸಲವೂ ಅವನು ನೀರಿನ ಬಣ್ಣವನ್ನು ಹೊಗಳಿದ. ಆಚೆ ತುದಿಯಲ್ಲಿದ್ದ ಪ್ರವಾಸಿಗರ ಮೂರು ದೋಣಿಗಳು ಹನ್ನೊಂದಕ್ಕೆ ಮುಂಚೆಯೇ ಹೊರಟವು. ಕೊನೆಯ ದೋಣಿಯವನು ಇವರ ಕಡೆಗೆ ಕೈ ಬೀಸಿ ಏನೋ ಕೂಗಿದ. ಮಕಾಮೆಯೂ ಸಿಂಹಾಸನದಿಂದ ಬೀಸುವವನಂತೆ ನಿಧಾನವಾಗಿ ಕೈ ಬೀಸಿ ಬೀಳ್ಕೊಟ್ಟ.

ಹನ್ನೊಂದಾಯಿತು. ಉಸ್ಸಿ ಇಲ್ಲ. ಹನ್ನೊಂದೂವರೆಗೆ ಮಕಾಮೆ, ಈ ದೋಣಿಯವರಿಗೆ ಹೊತ್ತಿನ ಬೆಲೆ ಗೊತ್ತಿಲ್ಲ ಎಂದು ಒಂದು ಭಾಷಣ ಮಾಡಿದ. ಭಾಷಣ ಮುಗಿಯುವ ಹೊತ್ತಿಗೆ ಪ್ರವಾಸಿಗರು ಕೂತಿದ್ದ ತುದಿ ಕಾಣಿಸುತ್ತಿರಲಿಲ್ಲ. ಫುಟ್‌ಬಾಲ್ ಮೈದಾನದಷ್ಟಿದ್ದ ಮರಳು ಮನೆಯಂಗಳದಷ್ಟಾಗಿತ್ತು. ಚಪ್ಪಲಿಗಳಲ್ಲಿ ಒಂದು ತೇಲಿಹೋಗಿತ್ತು, ಅದು ಅವನದೇ.

ಹನ್ನೆರಡಕ್ಕೆ ಜುವೇನಾ ಎದ್ದು ನಿಂತಳು.

"ಬಾಬಾ ರಯ್ಯಾ," ಎಂದಳು. ರಯ್ಯಾಳ ಅಪ್ಪ ಎಂದು, ಮಗಳ ಹೆಸರು ಸೇರಿಸಿ ಹೀಗೆ ಮೆಲ್ಲಗೆ ಕರೆದಳೆಂದರೆ ವಿಷಯ ಗಂಭೀರವೆಂದೇ ಅರ್ಥ. "ಹನ್ನೊಂದಕ್ಕೆ ಬಾ ಅಂದ್ರಲ್ಲ, ಯಾವ ಹನ್ನೊಂದು?"

"ಯಾವ ಹನ್ನೊಂದು ಅಂದರೆ? ಇರೋದು ಒಂದೇ..." ಎಂದವನು ಅಲ್ಲೇ ನಿಂತ.

ಉಸ್ಸಿ ಹುಟ್ಟಿದಾಗಿನಿಂದ ಸೂರ್ಯನನ್ನು ನೋಡಿ ಹೊತ್ತು ಹೇಳುವವನು. ಅವನ ಹನ್ನೊಂದು ಎಂದರೆ ಸಂಜೆ ಐದು. ಮುಂಚೆ ಬರಬೇಡ ಎಂದು ಬೇರೆ ಹೇಳಿ ಕಳಿಸಿದ್ದಾಗಿತ್ತು. ಸಂಜೆ ಐದಕ್ಕೆ ಈ ಜಾಗದಲ್ಲಿ ಆಳೆತ್ತರಕ್ಕೂ ಮೇಲೆ ನೀರು. ಹುಣ್ಣಿಮೆಯ ಮಾರನೆಯ ದಿನ ಬೇರೆ. ಉಬ್ಬರ ತನ್ನ ಪೂರ್ತಿ ಎತ್ತರಕ್ಕೆ ಬರುವ ದಿನ. ಕಿಸೆಯಲ್ಲಿ ಫೋನಿಟ್ಟುಕೊಂಡು ಓಡಾಡುವ ಕಾಲ ಇನ್ನೂ ಬಂದಿರಲಿಲ್ಲ. ದಂಡೆ ದೂರದಲ್ಲಿ ಒಂದು ಬೂದು ಗೆರೆಯಷ್ಟೇ. ಮೂವರಲ್ಲಿ ಒಬ್ಬರಿಗೂ ಈಜು ಬಾರದು. ಹಳೇ ಪಟ್ಟಣದ ಕಲ್ಲುಗಲ್ಲಿಗಳಲ್ಲಿ ಬೆಳೆದ ಮಕಾಮೆಗೆ ನೀರೆಂದರೆ ಬಕೆಟ್ಟಿನಲ್ಲಿರುವುದು.

"'ಇಡೀ ದಿನ ನೆಮ್ಮದಿಯಾಗಿ ಕಳೆಯಬಹುದು' ಅಂತ ಬರೆದವನನ್ನ ತಂದು ಇಲ್ಲಿ ನಿಲ್ಲಿಸಬೇಕು," ಎಂದಳು ಜುವೇನಾ.

"ನಿಂತಿದ್ದೀನಲ್ಲ," ಎಂದ ಮಕಾಮೆ.

ಅವನು ಓಡಲು ನೋಡಿದ. ಯಾವ ಕಡೆ ಓಡಿದರೂ ಹತ್ತು ಹೆಜ್ಜೆಗೆ ನೀರು. ಉಸ್ಸಿ, ಉಸ್ಸಿ ಎಂದು ಗಂಟಲು ಹರಿಯುವಂತೆ ಕೂಗಿದ, ಗಾಳಿ ಆ ಕೂಗನ್ನು ಅವನ ಬಾಯಿಗೇ ತಿರುಗಿ ತುರುಕಿತು. ಕೊಡೆಯನ್ನು ಎತ್ತಿ ಆಡಿಸಲು ಹೋದ. ಗಾಳಿ ಅದನ್ನು ಕಿತ್ತುಕೊಂಡು, ನೀರಿನ ಮೇಲೆ ಉರುಳಿಸಿಕೊಂಡು ಹೋಯಿತು.

ಆಗ ಬಿ ಜೋಖಾ ಮಂಡಿ ಹಿಡಿದುಕೊಂಡು ಎದ್ದರು. "ಕೂಗಬೇಡ," ಎಂದರು. "ದಮ್ಮು ಉಳಿಸಿಕೋ. ಆ ಪಾತ್ರೆ ಖಾಲಿ ಮಾಡು."

"ಅಮ್ಮ, ಪಿಲಾವು..."

"ಖಾಲಿ ಮಾಡು ಅಂದೆ."

ಮಕಾಮೆ ಪಿಲಾವನ್ನು ಸಮುದ್ರಕ್ಕೆ ಸುರಿದ. ಇಡೀ ಬೆಳಗಿನ ಅಡುಗೆ, ಮೇಕೆ ಮಾಂಸ, ಒಣದ್ರಾಕ್ಷಿ, ಎಲ್ಲ. ನಿಮಿಷದಲ್ಲಿ ಸಣ್ಣ ಮೀನುಗಳು ಅವರ ಕಾಲ ಸುತ್ತ ಮುತ್ತಿಕೊಂಡವು. ದಿಬ್ಬ ಆಗಲೇ ಮೀನುಗಳ ಪಾಲಾದಂತಿತ್ತು. ಜುವೇನಾ ಕಣ್ಣು ಮುಚ್ಚಿಕೊಂಡಳು.

ಬಿ ಜೋಖಾ ಮುಂದಿನ ಅಪ್ಪಣೆ ಕೊಟ್ಟರು. ಎಲ್ಲಕ್ಕಿಂತ ಎತ್ತರದ ಜಾಗದಲ್ಲಿ ಮೂವರೂ ಒಟ್ಟಿಗೆ ನಿಲ್ಲಬೇಕು, ಒಬ್ಬರೂ ಕದಲಬಾರದು. ಬಿಳಿ ಬಟ್ಟೆ ಬೀಸಿ ಪ್ರಯೋಜನವಿಲ್ಲ, ದೂರಕ್ಕೆ ಅದು ಹಾಯಿಯಂತೆಯೋ ಹಕ್ಕಿಯಂತೆಯೋ ಕಾಣುತ್ತದೆ. ಮಗಳು ಹೊದ್ದಿದ್ದ ಕೆಂಪು ಕಾಂಗಾ ಬಟ್ಟೆಯನ್ನು ಬಿಚ್ಚಿಸಿ ಅಳಿಯನ ಎರಡೂ ಕೈಗೆ ಕೊಟ್ಟು, ತಲೆಯ ಮೇಲೆ ಅಗಲವಾಗಿ ಹಿಡಿ ಎಂದರು. ತಾವು ಮಗಳ ತೋಳಿಗೆ ಒರಗಿ ನಿಂತು, ಖಾಲಿ ಪಾತ್ರೆಯನ್ನು ಸೊಂಟಕ್ಕೆ ಒತ್ತಿಕೊಂಡು, ಸೌಟಿನಿಂದ ಬಡಿಯತೊಡಗಿದರು. ಪೆಂಬಾದ ಮದುವೆಗಳಲ್ಲಿ ಡೋಲು ಬಾರಿಸಿದ ಕೈ. ಒಂದೇ ಲಯ, ತಪ್ಪಿಲ್ಲ, ನಿಲುಗಡೆಯಿಲ್ಲ.

ನೀರು ಪಾದ ಮುಟ್ಟಿತು.

"ಕೈ ಇಳಿಸಬೇಡ," ಎಂದರು ಬಿ ಜೋಖಾ.

ಅವನು ಇಳಿಸಲಿಲ್ಲ. ಹತ್ತು ನಿಮಿಷಕ್ಕೆ ತೋಳು ಉರಿಯಿತು, ಇಪ್ಪತ್ತಕ್ಕೆ ಜೋಮು ಹಿಡಿಯಿತು. ಎಡಕ್ಕೆ ತಿರುಗು ಎಂದರೆ ಎಡಕ್ಕೆ ತಿರುಗಿದ. ಗಾಳಿಗೆ ಬೆನ್ನು ಕೊಡು ಎಂದರೆ ಕೊಟ್ಟ. ಕಾಲು ಅಗಲಿಸಿ ಹಿಮ್ಮಡಿ ಊರು, ಇಲ್ಲದಿದ್ದರೆ ಮರಳು ಜಾರುತ್ತದೆ ಎಂದರೆ ಊರಿದ. ಎಲ್ಲಿಯಾದರೂ ಒಂದು ಹಾಯಿ ಕಂಡರೆ ಬಟ್ಟೆಯನ್ನು ಇನ್ನಷ್ಟು ಮೇಲೆತ್ತುತ್ತಿದ್ದ, ಅದು ತಿರುಗಿ ದಂಡೆಯತ್ತ ಹೋಗುತ್ತಿತ್ತು. ಎರಡು ಹಾಯಿಗಳು ಹಾಗೆ ಹೋದವು.

ನೀರು ಮೊಣಕಾಲಿಗೆ ಬಂದಾಗ ಜುವೇನಾ ಗಂಡನ ಅಂಗಿಯನ್ನು ಹಿಂದಿನಿಂದ ಬಿಗಿಯಾಗಿ ಹಿಡಿದಳು. ರಯ್ಯಾ ಶಾಲೆಯಿಂದ ಬರುವ ಹೊತ್ತಾಯಿತು ಎಂದಳು. ಮಕಾಮೆಗೆ ಏನಾದರೂ ಧೈರ್ಯದ ಮಾತು ಹೇಳಬೇಕೆನಿಸಿತು. ಬಾಯಿಗೆ ಬಂದದ್ದು ಒಂದೇ: "ನನ್ನದೇ ತಪ್ಪು." ಮದುವೆಯಾದ ಮೇಲೆ ಮೊದಲ ಸಲ ಆ ಮಾತು ಆಡಿದ್ದು. ಕೇಳಿಸಿಕೊಳ್ಳಲು ಜುವೇನಾಳಿಗೆ ಪುರುಸೊತ್ತಿರಲಿಲ್ಲ. ಅವಳು ತಾಯಿಯ ಸೊಂಟ ಬಳಸಿ ಹಿಡಿದಿದ್ದಳು. ಬಿ ಜೋಖಾರ ತುಟಿ ಪ್ರಾರ್ಥನೆಯಲ್ಲಿ ಆಡುತ್ತಿತ್ತು, ಕೈ ಪಾತ್ರೆಯ ಮೇಲೆ ಆಡುತ್ತಿತ್ತು. ಎರಡೂ ನಿಲ್ಲಲಿಲ್ಲ.

ಅಲೆಯೊಂದು ಬಂದು ಮಕಾಮೆಯ ತೊಡೆಗೆ ಬಡಿದು ಮೂವರನ್ನೂ ಒಂದು ಹೆಜ್ಜೆ ಹಿಂದಕ್ಕೆ ದಬ್ಬಿತು. ಕಾಲಡಿಯ ಮರಳು ಸರಿಯಿತು.

"ಅಮ್ಮ, ಇನ್ನು..."

"ಸುಮ್ಮನಿರು. ಕೇಳು."

ಅವನು ಸುಮ್ಮನಿದ್ದು ಕೇಳಿದ. ಬಿ ಜೋಖಾ ಬಡಿಯುವುದನ್ನು ಒಂದು ಉಸಿರಿನಷ್ಟು ಹೊತ್ತು ನಿಲ್ಲಿಸಿದ್ದರು. ಆ ಬಿಡುವಿನಲ್ಲಿ, ದೂರದಿಂದ, ಮರಕ್ಕೆ ಮರ ಬಡಿದ ಸದ್ದು ಬಂತು. ಟಕ್, ಟಕ್, ಟಕ್. ಯಾರೋ ದೋಣಿಯ ಅಂಚಿಗೆ ಹುಟ್ಟು ಬಡಿದು ಉತ್ತರ ಕೊಡುತ್ತಿದ್ದರು.

ಉಸ್ಸಿ ಬಂದ. ಆಚೆಯ ಹವಳದ ಬಂಡೆಗಳ ಹತ್ತಿರ ಗಾಳ ಹಾಕಿಕೊಂಡು ಕೂತಿದ್ದನಂತೆ. ಮೊದಲು ಬಿ ಜೋಖಾರನ್ನು, ಆಮೇಲೆ ಜುವೇನಾಳನ್ನು ಎಳೆದುಕೊಂಡ. ಮಕಾಮೆಯ ಕೈಗಳು ಮೇಲೇ ಸೆಟೆದು ನಿಂತಿದ್ದರಿಂದ ಅವನನ್ನು ಮಾತ್ರ ದೊಡ್ಡ ಮೀನಿನ ಹಾಗೆ ಕಂಕುಳಿಗೆ ಕೈಕೊಟ್ಟು ಮಗುಚಿ ಹಾಕಬೇಕಾಯಿತು. ದೋಣಿಯ ತಳದಲ್ಲಿ, ಉಸ್ಸಿ ಹಿಡಿದ ಮೀನುಗಳ ಪಕ್ಕದಲ್ಲಿ ಅವನು ಅಂಗಾತ ಬಿದ್ದ. ಉಸ್ಸಿ ಅವನ ಮೇಲೆ ಬಾಗಿ, ತಪ್ಪು ಮಾಡಿದವನಂತೆ ಕೈ ಜೋಡಿಸಿದ.

"ಹನ್ನೊಂದಕ್ಕೆ ಇನ್ನೂ ನಾಲ್ಕು ಗಂಟೆ ಇದೆ ಸಾಹೇಬರೇ, ಗೊತ್ತು. ಮುಂಚೆ ಬರಬೇಡ ಅಂದಿದ್ರಿ. ಆದರೆ ಅಮ್ಮನವರು ಬಡಿಯೋದು ಕೇಳಿಸ್ತು. ಕೋಪ ಮಾಡ್ಕೋಬೇಡಿ."

ಮಕಾಮೆ ಕೋಪ ಮಾಡಿಕೊಳ್ಳಲಿಲ್ಲ. ಅಳುತ್ತಿದ್ದ, ಆದರೆ ಮೈಯೆಲ್ಲ ಉಪ್ಪುನೀರಾಗಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಜುವೇನಾ ಒದ್ದೆ ಕಾಂಗಾ ಹಿಂಡಿ ತಾಯಿಯ ಹೆಗಲಿಗೆ ಹೊದಿಸಿದಳು, ಅವರ ಮಂಡಿ ತಿಕ್ಕಿದಳು. ದಂಡೆಯ ಮನೆಗಳ ಬಿಳಿ ಗೋಡೆಗಳು ಒಂದೊಂದಾಗಿ ಕಾಣಿಸತೊಡಗಿದಾಗ ಅವಳಿಗೆ ಉಸಿರು ಬಂತು, ಉಸಿರಿನ ಹಿಂದೆಯೇ ನಾಲಗೆಯೂ ಬಂತು. ಗಂಡನಿಗೆ ಕೇಳಿಸಲೆಂದೇ, "ಅಮ್ಮಾ, ಇಷ್ಟು ದೂರ ಬಂದಿದ್ದಕ್ಕೆ ನಿನಗೆ ಯಾವ ಜಾಗ ಹಿಡಿಸ್ತು?" ಎಂದಳು.

ಬಿ ಜೋಖಾ ಹಿಂದೆ ತಿರುಗಿ, ಬರೀ ನೀರು ಹೊಳೆಯುತ್ತಿದ್ದ ಕಡೆಗೆ ಗದ್ದ ಎತ್ತಿ ತೋರಿಸಿದರು. "ಅದೇ."

"ಅದಾ? ಅಲ್ಲಿ ಏನಿತ್ತು ನೋಡೋಕೆ?"

"ಮರಳು ನಮ್ಮೂರಲ್ಲೂ ಇದೆ, ನೀರೂ ಇದೆ. ಆದರೆ ಹದಿಮೂರು ವರ್ಷದಲ್ಲಿ ನನ್ನ ಅಳಿಯ ನಾನು ಹೇಳಿದ್ದನ್ನ ಪೂರ್ತಿ ಕೇಳಿಸಿಕೊಂಡ ಜಾಗ ಅದೊಂದೇ ಕಣೇ."

ಉಸ್ಸಿ ಮುಖ ಆಚೆ ತಿರುಗಿಸಿ ಹುಟ್ಟು ಹಾಕಿದ. ಮಕಾಮೆ ಉತ್ತರ ಕೊಡಲು ಬಾಯಿ ತೆರೆದ. ಅತ್ತೆಯ ಮಾತು ಮುಗಿದಿದೆಯೋ ಇನ್ನೂ ಇದೆಯೋ ಖಾತ್ರಿಯಾಗದೆ, ಮತ್ತೆ ಮುಚ್ಚಿಕೊಂಡ.