ಮಹಾರಾಣಿಗೆ ಕಳಿಸಿದ ಕುಂಕುಮ

ನಾನು ಓದಿದ್ದು ದೇಶದೇಶಗಳ ನಡುವಿನ ಕಾನೂನು. ವಕೀಲಿ ಮಾಡುತ್ತಿರುವುದು ಮಳವಳ್ಳಿಯ ಮುನ್ಸೀಫ್ ಕೋರ್ಟಿನಲ್ಲಿ. ಹೀಗೆ ಎತ್ತಲೂ ಸಲ್ಲದೆ ಕೂತವನ ಹತ್ತಿರಕ್ಕೆ ನಗೆಪಾಟಲಿನ ಸಂಗತಿಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ, ಬನ್ನಿ ಎಂದು ಕರೆಯಬೇಕಾಗಿಲ್ಲ. ಹೋದ ವಾರ ಮುಂಬಯಿಯಲ್ಲಿ ನನ್ನ ಜೊತೆ ಎಲ್‌ಎಲ್.ಎಂ. ಓದಿದ ಗೆಳೆಯನ ಕಾಗದ ಬಂತು. ಸ್ವಾತಂತ್ರ್ಯ ಬಂದಾಯಿತು, ಇನ್ನು ನಮ್ಮದೇ ರಾಯಭಾರಿಗಳು ಬೇಕಲ್ಲಯ್ಯ, ನೀನೂ ಅರ್ಜಿ ಹಾಕು, ರಾಜತಂತ್ರದಲ್ಲಿ ನಿನಗಿರುವ ಅನುಭವವನ್ನೆಲ್ಲ ಬರೆದು ಕಳಿಸು ಎಂದಿದ್ದ. ಅನುಭವವೇ! ಸರಿ, ಬರೆಯೋಣ ಅಂತ ಕೂತೆ. ಬಂದದ್ದು ಇಷ್ಟು.

೧. ಹಾರ ಬಾಡುವ ಮೊದಲು

ಮುಂಬಯಿಯ ಓದು ಮುಗಿದ ಮೇಲೆ ಜಿನೀವಾಕ್ಕೆ ಹೋಗಿ ಅದೇ ಕಾನೂನನ್ನು ಇನ್ನೆರಡು ವರ್ಷ ಓದುವುದು ಎಂದು ಗೊತ್ತಾಗಿತ್ತು. ದೇಶಗಳೆಲ್ಲ ಹೊಡೆದಾಟ ಬಿಟ್ಟು, ಕುರ್ಚಿ ಹಾಕಿಕೊಂಡು ಕೂತು ಮಾತಾಡುವ ಊರು ಅದು ಎಂದು ನಮ್ಮ ಬೆಳಕವಾಡಿಯವರಿಗೆ ಹೇಳಿದ್ದೆ. ಅವರಿಗೆ ಅಂಥ ಊರು ಇದೆ ಎಂದು ನಂಬಿಕೆ ಬರಲಿಲ್ಲ. ಆದರೂ ಹುಡುಗ ಹೋಗುತ್ತಾನೆ ಅಂತ ಸೇವಂತಿಗೆ ಹಾರ ಹಾಕಿ ಕಳಿಸಿದರು.

ಪಕ್ಕದ ಮನೆ ದೊಡ್ಡವ್ವ, ಅಂದರೆ ನಮ್ಮಪ್ಪನ ಅಣ್ಣನ ಹೆಂಡತಿ, ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಕಟ್ಟಿಕೊಟ್ಟಳು. ಅವಳು ಚಿಕ್ಕಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡವಳು. ಇದ್ದವನು ಒಬ್ಬನೇ ಮಗ, ನನ್ನ ವಾರಿಗೆಯವನು. ನನ್ನ ಟ್ರಂಕು ಹೊತ್ತುಕೊಂಡು ಮದ್ದೂರು ಸ್ಟೇಷನ್ನಿನವರೆಗೂ ಬಂದ. ರೈಲು ಬರುವವರೆಗೆ ಒಂದೇ ಸಮನೆ ಗೇಲಿ. "ಅಲ್ಲ ಕಣ್ಲಾ, ಜಗ್ಳ ಬುಡ್ಸಾದ ಕಲ್ಯಕ್ಕೆ ಅಷ್ಟು ದೂರ ಓಗ್ಬೇಕಾ? ನಮ್ ನಾಲೆ ಏರಿ ಮ್ಯಾಲೆ ಕೂತ್ಕ, ದಿನಕ್ಕೆ ನಾಕು ಸಿಕ್ತವೆ."

ಮುಂಬಯಿ ತಲುಪಿ ಹಡಗಿಗೆ ಕಾಯುತ್ತಿದ್ದೆ. ಯುರೋಪಿನಲ್ಲಿ ಯುದ್ಧ ಶುರುವಾಯಿತು. ನನ್ನ ಹಡಗು ರದ್ದು, ಜಿನೀವಾ ರದ್ದು, ನಾನೂ ರದ್ದು. ಹನ್ನೆರಡನೆಯ ದಿನ ಅದೇ ಟ್ರಂಕು ಹೊತ್ತು ಊರಿಗೆ ಬಂದೆ. ಅವ್ವ ಗೂಟಕ್ಕೆ ಹಾಕಿದ್ದ ಹಾರ ಪೂರ್ತಿ ಒಣಗಿರಲಿಲ್ಲ. ಆವತ್ತು ನನಗೆ ಆದ ನಾಚಿಕೆ, ಸಂಕಟ ಇಷ್ಟಿಷ್ಟಲ್ಲ. ದೊಡ್ಡವ್ವ ಓಡಿಬಂದು, "ಅಯ್ಯೋ ಮಗನೆ, ಇಷ್ಟ್ ಬೇಗ ಓದಿ ಮುಗಿಸ್ಬುಟ್ಯಾ?" ಅಂದಳು.

ಅವಳ ಮಗ ಹಿಂದಿನಿಂದ ಹೇಳಿದ: "ಇಲ್ಲ ಕಣವ್ವ. ಇವ್ನು ಬತ್ತಾವ್ನೆ ಅಂತ ಕೇಳೇ ಅವ್ರು ಕುರ್ಚಿ ಬುಟ್ಟು ಒಡ್ದಾಡಕ್ಕೆ ಸುರು ಮಾಡ್ಬುಟ್ರು!"

೨. ಎಮ್ಮೆಯ ಗಡಿ

ಮಳವಳ್ಳಿಯಲ್ಲಿ ಕರಿ ಕೋಟು ಹಾಕಿದೆ. ಕಕ್ಷಿಗಾರರು ನನ್ನನ್ನು ನೋಡಿ, "ಇವ್ರು ಬ್ಯಾರೆ ದೇಸದ್ ಲಾಯ್ರು" ಎಂದು ಮುಂದಿನ ಮೇಜಿಗೆ ಹೋಗುತ್ತಿದ್ದರು. ಕೊನೆಗೆ ದೊಡ್ಡವ್ವನ ಮಗನೇ ಮೊದಲ ಕೇಸು ತಂದ. ಅವನ ಎಮ್ಮೆ ಕಾಲುವೆ ದಾಟಿ ಆಚೆಯವರ ಬತ್ತದ ಗದ್ದೆಗೆ ನುಗ್ಗಿ ಮೇದಿತ್ತು. ಗದ್ದೆಯವನು ದಾವಾ ಹೂಡಿದ್ದ.

ಇದೇ ಸಮಯ ಅಂತ ಓದಿದ್ದನ್ನೆಲ್ಲ ಹೊರಗೆ ತೆಗೆದೆ. ಗಡಿ ಅಂದರೇನು, ಹಗೆತನದ ಉದ್ದೇಶವಿಲ್ಲದೆ ಗಡಿ ದಾಟಿದವರನ್ನು ನಾಗರಿಕ ರಾಷ್ಟ್ರಗಳು ಹೇಗೆ ನಡೆಸಿಕೊಳ್ಳಬೇಕು, ಎಲ್ಲ ಹೇಳಿದೆ. ಕೋರ್ಟಿನ ಜವಾನ ಕೂಡ ಬಾಯಿ ಬಿಟ್ಟುಕೊಂಡು ಕೇಳಿದ. ಮುನ್ಸೀಫರು ತಾಳ್ಮೆಯಿಂದ ಕೇಳಿ, ಕನ್ನಡಕ ತೆಗೆದು, "ವಕೀಲರೇ, ತಮ್ಮ ಎಮ್ಮೆ ರಹದಾರಿ ಏನಾದರೂ ತಂದಿತ್ತೋ?" ಅಂದರು. ಕೋರ್ಟಿಗೆ ಕೋರ್ಟೇ ನಕ್ಕಿತು. ನಾವು ಸೋತೆವು.

ಹೊರಗೆ ಹುಣಸೆಮರದ ಕೆಳಗೆ ತಲೆ ತಗ್ಗಿಸಿ ಕೂತಿದ್ದೆ. ಅವನು ಬಂದು ಹೆಗಲ ಮೇಲೆ ಕೈ ಹಾಕಿದ. "ಬುಡ್ಲಾ ಅತ್ಲಾಗೆ. ಎಮ್ಮೆ ಮಾನ ಏನೂ ಓಗ್ನಿಲ್ಲ. ಓಗಿದ್ದು ನಿಂದೊಂದೇಯ."

೩. ನಾಲ್ಕು ದಪ್ಪ ಪುಸ್ತಕ

ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ. ಆದರೂ ಬರೆಯುತ್ತೇನೆ.

ಅವನಿಗೆ ಮದುವೆಯಾಗಿ ವರ್ಷವಾಗಿತ್ತು. ಒಂದು ದಿನ ಬಂದು, ಪಟಾಲಮ್ಮಿಗೆ, ಅಂದರೆ ಸೈನ್ಯಕ್ಕೆ ಸೇರುತ್ತೇನೆ, ಅರ್ಜಿ ತುಂಬಿಕೊಡು ಅಂದ. ಯಾಕೋ, ಹೊಲ ಇದೆ, ಹೆಂಡತಿ ಇದ್ದಾಳೆ ಅಂದರೆ, "ನೀನು ದಾಟ್ದೆ ಬುಟ್ ಬಂದ್ಯಲ್ಲ, ಆ ಸಮುದ್ರವ ನಾನು ದಾಟ್ಕಂಡ್ ಬತ್ತೀನಿ ಕಣ್ಲಾ. ಬಂದು ಎಂಗದೆ ಅಂತ ನಿಂಗೆ ಏಳ್ತೀನಿ" ಅಂತ ನಕ್ಕ. ಅರ್ಜಿ ತುಂಬಿದ ಕೈ ನನ್ನದೇ. ದುಂಡಗೆ, ಚೆನ್ನಾಗಿ ಬರೆದುಕೊಟ್ಟೆ.

ಸಿಂಗಪೂರಕ್ಕೆ ಹೋದ. ಜಪಾನಿನವರು ಸಿಂಗಪೂರ ಹಿಡಿದರು. ಆಮೇಲೆ ಒಂದು ಕಾಗದ ಬಂತು: 'ಕಾಣೆಯಾಗಿದ್ದಾನೆ.' ಓದಿ ಹೇಳಿದವನೂ ನಾನೇ.

ನನ್ನ ಪುಸ್ತಕಗಳಲ್ಲಿ ಕಾಣೆಯಾದವನಿಗೆ ಒಂದು ಸ್ಥಾನವಿದೆ. ನಮ್ಮೂರಲ್ಲಿ ಇಲ್ಲ. ಇದ್ದಾನೆ ಅನ್ನು, ಇಲ್ಲಾ ಸತ್ತ ಅನ್ನು. ಒಂದು ವರ್ಷ ಕಾದ ಮೇಲೆ ಊರ ಯಜಮಾನರು, ತಿಥಿ ಮಾಡಿಬಿಡಿ, ಸೊಸೆಯ ಬಳೆ ತೆಗೆಸಿ, ಕುಂಕುಮ ಅಳಿಸಿ, ಆತ್ಮ ಅಲೆಯಬಾರದು ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದವರಲ್ಲ. ಅವರಿಗೆ ಗೊತ್ತಿದ್ದದ್ದು ಅಷ್ಟು.

ದೊಡ್ಡವ್ವ ನಮ್ಮ ಹಿತ್ತಿಲ ಬಾಗಿಲಿಗೆ ಬಂದು ನಿಂತಳು. "ನನ್ ಹಣೆ ಅಳಿಸ್ದಾಗ ನಂಗೆ ಇಪ್ಪತ್ತೆರಡು ಕಣಪ್ಪ. ಒಂದು ಮದ್ವೆಗೂ ಯಾರೂ ಮುಂದೆ ಕರೀನಿಲ್ಲ. ಈ ಕೂಸ್ಗೆ ಅತ್ತೊಂಬತ್ತು. ನನ್ ಮಗ ಬರಾವರ್ಗೂ ಇವ್ಳ ಹಣೆ ಬರಿದಾಗ್ಬಾರ್ದು. ಏನಾರ ಮಾಡು. ಅಷ್ಟೊಂದು ಓದಿದ್ದೀಯ."

ಮಾರನೆಯ ದಿನ ಅರಳಿಕಟ್ಟೆಗೆ ನಾಲ್ಕು ದಪ್ಪ ಪುಸ್ತಕ ಹೊತ್ತುಕೊಂಡು ಹೋದೆ. ಕೈಗೆ ಸಿಕ್ಕಿದ್ದನ್ನು ತೆರೆದು ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಓದಿದೆ. ಅದು ಸಮುದ್ರದಲ್ಲಿ ಮೀನು ಹಿಡಿಯುವ ಹಕ್ಕಿನ ಅಧ್ಯಾಯ, ದೇವರಾಣೆ. ಪುಸ್ತಕ ಮುಚ್ಚಿ ತೀರ್ಪು ಕೊಟ್ಟೆ: "ಯುದ್ಧದಲ್ಲಿ ಕಾಣೆಯಾದವನು ಸತ್ತ ಎಂದು ಹೇಳುವ ಅಧಿಕಾರ ಅವನನ್ನು ಹಿಡಿದ ರಾಜನ ಮನೆಯವರಿಗೆ ಮಾತ್ರ. ಅವರ ಮಾತು ಬರುವ ಮೊದಲು ಕುಂಕುಮ ಅಳಿಸಿದರೆ ಎರಡು ದೇಶಗಳ ನಡುವಿನ ಒಪ್ಪಂದ ಮುರಿದಂತೆ."

"ಯಾವ್ಯಾವ ದೇಸವಪ್ಪ?" ಅಂದರು ಯಜಮಾನರು.

"ಬ್ರಿಟನ್ನು, ಜಪಾನು."

ಯಜಮಾನರು ಎಲೆಅಡಿಕೆ ಉಗಿದು ಬಂದು ಹೇಳಿದರು: "ಅಂಗಾರೆ ಬ್ಯಾಡ ಬುಡಿ. ಮೊದ್ಲೇ ಒಡ್ದಾಡ್ತಾವ್ರೆ. ನಮ್ ಬೆಳಕವಾಡಿ ದೆಸೆಯಿಂದ ಇನ್ನೂ ಜಾಸ್ತಿ ಆಗಾದು ಬ್ಯಾಡ."

೪. ಪುಡಿಯ ಪ್ರಕರಣ

ನಾನು ಕಟ್ಟಿದ ಸುಳ್ಳನ್ನು ದೊಡ್ಡವ್ವ ಪೂರ್ತಿ ನಂಬಿಬಿಟ್ಟಳು. "ಇಡ್ಕಂಡಿರೋ ರಾಜನ ಮನೆಯೋರು ಏಳ್ಬೇಕು ಅಂದ್ಯಲ್ಲ, ಬರಿ ಕಾಗ್ದವ" ಅಂತ ಬೆಳಿಗ್ಗೆಯೇ ಬಂದು ಕೂತಳು. ರಾಜನಿಗೆ ಬರೆಯಲು ಲೇಖನಿ ಎತ್ತಿದರೆ ಬೇಡವೇ ಬೇಡವಂತೆ. "ಗಂಡಸ್ರಿಗೆ ಬರದ್ರೆ ಆಯ್ತದಾ? ನಿಂಗೂ ಬುದ್ಧಿ ಇಲ್ಲ. ಅವ್ನ್ ಎಂಡ್ತಿಗೆ ಬರಿ."

ಹೀಗೆ ನನ್ನ ಬಾಳಿನ ಏಕೈಕ ರಾಜತಾಂತ್ರಿಕ ಪತ್ರವನ್ನು ಜಪಾನಿನ ಮಹಾರಾಣಿಗೆ ಬರೆದೆ. ದೊಡ್ಡವ್ವ ಹೇಳಿದಳು, ನಾನು ಇಂಗ್ಲಿಷಿಗೆ ತಿರುಗಿಸಿದೆ. 'ಅವ್ವಾ ತಾಯಿ, ನನ್ನ ಮಗ ನಿಮ್ಮ ಸುಪರ್ದಿನಲ್ಲಿದ್ದಾನೆ. ಮುಂಗೋಪಿ, ಆದರೆ ಒಳ್ಳೆಯವನು. ಮಜ್ಜಿಗೆಯಿಲ್ಲದೆ ಊಟ ಸೇರುವುದಿಲ್ಲ. ನಿಮಗೂ ಮಕ್ಕಳಿರಬೇಕು.' ಇಷ್ಟು ಹೊತ್ತಿಗೆ ನನ್ನ ಕಣ್ಣಿಗೆ ಕಾಗದ ಕಾಣುತ್ತಿರಲಿಲ್ಲ.

ಹೆಂಗಸರ ಮನೆಗೆ ಬರಿಯ ಕಾಗದ ಕಳಿಸುವುದುಂಟೇ? ಅರಿಸಿನ ಕುಂಕುಮ ಇಡಬೇಕು ಅಂದಳು. ತಾನು ಮುಟ್ಟಬಾರದೆಂದು ಸೊಸೆಯ ಕೈಯಲ್ಲೇ ಎರಡು ಪೊಟ್ಟಣ ಕಟ್ಟಿಸಿದಳು. "ನೋಡ್ತಿರು, ಅವ್ಳೂ ತಿರ್ಗ ಕಳಿಸ್ತಾಳೆ. ಮುತ್ತೈದೆ ಕೊಟ್ಟ ಕುಂಕುಮವ ಇಸ್ಕಂಡು, ತಾನು ಕೊಡ್ದೆ ಸುಮ್ಕಿರೋಳು ಯಾವ್ಳಿದ್ದಾಳು? ಅಲ್ಲಿಂದ ಕುಂಕುಮ ಬಂತು ಅಂದ್ರೆ ನನ್ ಸೊಸೆ ಮುತ್ತೈದೆ ಅಂತ ಅವ್ಳೇ ಏಳ್ದಂಗೆ."

ಶತ್ರುದೇಶಕ್ಕೆ ನೇರವಾಗಿ ಅಂಚೆ ಇಲ್ಲ. ಕೈದಿಗಳ ಸಮಾಚಾರ ಹೋಗುತ್ತಿದ್ದುದು ಯಾವ ಪಕ್ಷಕ್ಕೂ ಸೇರದ ಜಿನೀವಾದ ಮೂಲಕ. ಮಹಾರಾಣಿಯ ಹೆಸರಿನ ಲಕೋಟೆಯನ್ನು ಇನ್ನೊಂದರೊಳಗೆ ಇಟ್ಟು, ಮೇಲಿನದರ ಮೇಲೆ ಆ ಊರಿನ ಹೆಸರು ಬರೆದೆ. ನಾನು ತಲುಪಲಾರದ ಊರಿಗೆ ನಮ್ಮನೆಯ ಕುಂಕುಮವಾದರೂ ಹೋಗಲಿ ಅಂದುಕೊಂಡೆ.

ತಿಂಗಳು ಕಳೆಯಿತು. ಮಂಡ್ಯದಿಂದ ಒಬ್ಬ ಪೊಲೀಸ್ ಇನ್ಸ್‌ಪೆಕ್ಟರು ನಮ್ಮ ಜಗಲಿಗೆ ಬಂದು ಲಕೋಟೆಯನ್ನು ಮಾರು ದೂರದಲ್ಲಿ ಇಟ್ಟರು. ಕಾಗದ ಒಡೆದು ನೋಡುವ ಸೆನ್ಸಾರಿನವರಿಗೆ ಕೆಂಪು ಪುಡಿ, ಹಳದಿ ಪುಡಿ ಸಿಕ್ಕಿ, ಸಿಡಿಮದ್ದೋ ವಿಷವೋ ಎಂದು ದಿಗಿಲಾಗಿತ್ತಂತೆ. "ಏನಿದು ಪದಾರ್ಥ? ಯಾರು ಕೊಟ್ಟದ್ದು?" ಅಂತ ನನ್ನನ್ನು ಗದರಿಸುತ್ತಿದ್ದರು.

ದೊಡ್ಡವ್ವ ಬಂದಳು. "ಏನ್ ಸ್ವಾಮಿ, ನಿಮ್ಮನೇಲಿ ಎಂಗಸ್ರು ಇಲ್ವಾ? ಕುಂಕುಮ ಕಂಡಿಲ್ವಾ? ಗಡ್ಡ ಮೀಸೆ ಬಂದೋರು ಅರಿಸ್ನಕ್ಕೆ ಎದರ್ತೀರಲ್ಲ, ನೀವು ಯುದ್ಧ ಗೆಲ್ಲಂಗೇ ಸೈ! ಕಾಗ್ದ ಇನ್ನೂ ಮಂಡ್ಯದಲ್ಲೇ ಬಿದ್ದದೆ, ಅಲ್ಲಿ ನನ್ ಮಗ ಎಂಗಿದಾನೋ!" ಅಂದವಳು ಅಲ್ಲೇ ಕುಸಿದು ಅತ್ತಳು. ಇನ್ಸ್‌ಪೆಕ್ಟರು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ನಾನೇ ಖುದ್ದಾಗಿ ಮುಂದಕ್ಕೆ ಕಳಿಸುತ್ತೇನೆ ತಾಯಿ ಎಂದರು. ಕಳಿಸಿದರು ಕೂಡ.

ಅವರು ಮೇಲಿನವರಿಗೆ ಬರೆದ ವರದಿಯನ್ನು ಆಮೇಲೆ ನನಗೆ ತೋರಿಸಿದರು: 'ಪುಡಿಯಿಂದ ಅಪಾಯವಿಲ್ಲ. ಕಳಿಸಿದ ಹೆಂಗಸಿನ ಬಾಯಿಂದ ಇದೆ.'

೫. ಮರು ಕುಂಕುಮ

ಯುದ್ಧ ಮುಗಿಯಿತು. ಸುತ್ತಲ ಊರುಗಳಿಗೆ ಒಬ್ಬೊಬ್ಬರೇ ವಾಪಸಾದರು. ಮಳವಳ್ಳಿಯಿಂದ ಬಸ್ಸು ಬಂತೆಂದರೆ ದೊಡ್ಡವ್ವ ಇಳಿಯುವವರ ಕಾಲು ನೋಡುತ್ತಾ ನಿಂತಿರುತ್ತಿದ್ದಳು. ಮೊದಲು ಪಟಾಲಮ್ಮಿನ ಬೂಟು ಕಾಣಬೇಕು ಅಂತ.

ಒಂದು ಮಧ್ಯಾಹ್ನ ಪೋಸ್ಟ್‌ಮ್ಯಾನ್ ಕೋರ್ಟಿಗೇ ಬಂದು ನನಗೆ ಎರಡು ಲಕೋಟೆ ಕೊಟ್ಟ. ಒಂದು ತೆಳುವಾದದ್ದು, ಪಟಾಲಮ್ಮಿನ ಆಫೀಸಿನದು. ಅದನ್ನು ಅಲ್ಲೇ ಓದಿದೆ. ಸೆರೆಯಲ್ಲಿ ಕಾಯಿಲೆ ಬಿದ್ದು ಹೋಗಿಬಿಟ್ಟಿದ್ದ. ನಾವು ಕಾಗದ ಬರೆಯುವುದಕ್ಕೆ ಮುಂಚೆಯೇ ಹೋಗಿದ್ದ. ಮುಂಗೋಪಿ, ಮಜ್ಜಿಗೆ, ಎಲ್ಲ ಬರೆಯುವಾಗ ಅವನು ಇರಲೇ ಇಲ್ಲ. ಹುಣಸೆಮರದ ಕೆಳಗೆ ಕೂತು, ಕರಿ ಕೋಟಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಎರಡನೆಯದು ನಮ್ಮದೇ ಲಕೋಟೆ. ಜಿನೀವಾದ ಮುದ್ರೆ, ಇನ್ನೂ ಯಾವ್ಯಾವುದೋ ಊರಿನ ಮುದ್ರೆ, ಮೇಲೆ ನೇರಳೆ ಮಸಿಯಲ್ಲಿ, 'ತಲುಪಿಸಲು ಸಾಧ್ಯವಾಗಲಿಲ್ಲ, ಕಳಿಸಿದವರಿಗೆ ಹಿಂದಕ್ಕೆ.'

ಎರಡನ್ನೂ ಹಿಡಿದು ಊರಿಗೆ ಹೋದೆ. ದಾರಿಯುದ್ದಕ್ಕೂ ಯಾವ ಮಾತಿನಿಂದ ಶುರು ಮಾಡಲಿ ಎಂದು ಯೋಚಿಸಿದೆ. ಕೆಟ್ಟ ಸುದ್ದಿಯನ್ನು ರಾಯಭಾರಿ ಹೇಗೆ ತಿಳಿಸಬೇಕು ಎಂದು ಒಂದು ಅಧ್ಯಾಯವೇ ಓದಿದ್ದೆ. ಒಂದು ಸಾಲೂ ನೆನಪಿಗೆ ಬರಲಿಲ್ಲ.

ದೊಡ್ಡವ್ವ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ದಪ್ಪ ಲಕೋಟೆ ನೋಡಿದ್ದೇ ಕಿತ್ತುಕೊಂಡಳು. ಒಳಗಿನಿಂದ ಪೊಟ್ಟಣ ಬಿತ್ತು. ಕುಂಕುಮ ಹಾಗೇ ಇತ್ತು, ಒಂದಿಷ್ಟು ಅರಿಸಿನ ಬೆರೆತಿತ್ತು.

"ಕಳಿಸವ್ಳೆ!" ಎಂದು ಕೂಗಿದಳು. "ನಾನ್ ಏಳ್ನಿಲ್ವಾ? ಮಾರಾಣಿ ತಿರ್ಗ ಕಳಿಸವ್ಳೆ ಕಣಮ್ಮ, ಬಾರೆ ಈಚೆಗೆ!"

ಸೊಸೆ ಬಾಗಿಲಿಗೆ ಬಂದಳು. ನನ್ನ ಮುಖ ನೋಡಿದಳು, ಕೈಲಿದ್ದ ಇನ್ನೊಂದು ಕಾಗದ ನೋಡಿದಳು, ನೆಲ ನೋಡಿದಳು. ಅವಳಿಗೆ ಆಗಲೇ ತಿಳಿಯಿತು ಎಂದು ನನಗೆ ತಿಳಿಯಿತು. ಅಷ್ಟು ವರ್ಷ ಕುಂಕುಮ ಮುಟ್ಟದ ದೊಡ್ಡವ್ವ ಆ ಪೊಟ್ಟಣಕ್ಕೆ ಬೆರಳಿಟ್ಟು, ಸೊಸೆಯ ಗಲ್ಲ ಹಿಡಿದು, ಹಣೆಗೆ ಕಾಸಿನಗಲ ಕುಂಕುಮ ಇಟ್ಟಳು. ಸೊಸೆ ಕಣ್ಣು ಮುಚ್ಚಿ ನಿಂತಿದ್ದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

ಆಮೇಲೆ ದೊಡ್ಡವ್ವ ನನ್ನ ಕಡೆ ತಿರುಗಿದಳು. "ಅದೇನಪ್ಪ, ಇನ್ನೊಂದು?"

"ಪಟಾಲಮ್ಮಿನ ಆಫೀಸಿನದು ದೊಡ್ಡವ್ವ. ಯಾರೋ ಗುಮಾಸ್ತ ಬರೆದದ್ದು..."

ಕಾಗದ ಬಿಚ್ಚಲು ಹೋದೆ. ಅವಳು ನನ್ನನ್ನು ಹುಟ್ಟಿದಾಗಿನಿಂದ ಕಂಡವಳು. ನನ್ನ ಮುಖ ಓದಲು ಅವಳಿಗೆ ಇಂಗ್ಲಿಷ್ ಬೇಕಾಗಿರಲಿಲ್ಲ. ಕುಂಕುಮದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಮತ್ತೆ ಕೂತು ಒಂದು ಅವರೆಕಾಯಿ ಎತ್ತಿಕೊಂಡಳು, ಸುಲಿಯಲಿಲ್ಲ.

"ಓದ್ಬ್ಯಾಡ, ಮಡ್ಗು" ಅಂದಳು ಮೆಲ್ಲಗೆ. "ಮಾರಾಣಿನೇ ಮುತ್ತೈದೆ ಅಂತ ಕುಂಕುಮ ಕಳಿಸ್ದ ಮ್ಯಾಲೆ ಗುಮಾಸ್ತನ ಮಾತ ಯಾರ್ ಕೇಳಾರು? ನೀನು ಓದಿರೋ ಕಾನೂನ್ನಲ್ಲಿ ಏನದೆ? ಅದ ಏಳು."

ಸೊಸೆಯೂ ತಲೆಯೆತ್ತಿ ನನ್ನನ್ನೇ ನೋಡಿದಳು. ನಾನು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕೋಟಿನ ಒಳಜೇಬಿಗೆ ಹಾಕಿದೆ. ಅದು ಈಗಲೂ ಆ ಮೀನಿನ ಅಧ್ಯಾಯದ ಮಧ್ಯೆ ಇದೆ.

"ಅದರಲ್ಲೂ ಹಾಗೇ ಇದೆ ದೊಡ್ಡವ್ವ" ಅಂದೆ. "ರಾಣಿ ಮಾತೇ ಕೊನೆ."

ದೊಡ್ಡವ್ವ ಕಣ್ಣು ಒರೆಸಿಕೊಂಡಳು.

"ಅಂತೂ ನೀನು ಓದಿದ್ದು ಒಂದಿನ ಉಪ್ಯೋಗಕ್ಕೆ ಬಂತು ಬುಡಪ್ಪ."